ಎಣಿಕೆಯ ಎಚ್ಚರ: ಒಂದು ಸಂಖ್ಯಾಶಾಸ್ತ್ರ ಕಾರ್ಯಾಗಾರ ಮತ್ತು ಸೇಡಂ ಸೀಮೆಯ ಕನ್ನಡ

ಕನ್ನಡ ಸಂಶೋಧನೆಗೆ ಎಣಿಕೆ ಹೊಸದಲ್ಲ. ಶಾಸನಗಳ ಪ್ರಾದೇಶಿಕ ಹಂಚಿಕೆ, ಕಾವ್ಯದಲ್ಲಿ ಬಳಕೆಯಾದ ವೃತ್ತಗಳ ಪ್ರಮಾಣ, ಉಪಭಾಷೆಯೊಂದರ ಪದಪಟ್ಟಿ ಇವೆಲ್ಲ ಎಣಿಕೆಯನ್ನೇ ಆಧರಿಸಿವೆ. ಆದರೆ ಎಣಿಸಿದ್ದರಿಂದ ಯಾವ ತೀರ್ಮಾನಕ್ಕೆ ಬರಬಹುದು, ಯಾವುದಕ್ಕೆ ಬರಬಾರದು ಎಂಬ ವಿವೇಚನೆಗೆ ಕನ್ನಡ ವಿಭಾಗಗಳಲ್ಲಿ ದೊರೆತಿರುವ ಗಮನ ಸಾಲದು. ಸಂಖ್ಯಾಶಾಸ್ತ್ರದ ಒಂದು ಅಂತರರಾಷ್ಟ್ರೀಯ ಕಾರ್ಯಾಗಾರದ ಚರಿತ್ರೆ ಈ ಕೊರತೆಯನ್ನು ಕುರಿತು ಯೋಚಿಸಲು ತಕ್ಕ ನಿಮಿತ್ತವಾಗಿದೆ.

ಸಂಖ್ಯೆಗಳನ್ನು ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿದ ಪಟ್ಟಿಯನ್ನು ಗಣಿತದಲ್ಲಿ ಮಾತೃಕೆ ಎನ್ನುತ್ತಾರೆ. ಮಾತೃಕೆಗಳಿಗೂ ಸಂಖ್ಯಾಶಾಸ್ತ್ರಕ್ಕೂ ಇರುವ ಸಂಬಂಧವನ್ನು ಚರ್ಚಿಸುವ ಈ ಕಾರ್ಯಾಗಾರ 1990ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ ಮೊದಲುಗೊಂಡಿತು. ಮುಂದೆ 1992ರಲ್ಲಿ ಆಕ್ಲೆಂಡ್, 1994ರಲ್ಲಿ ಎಸ್ಟೋನಿಯಾದ ತಾರ್ತು, 1995ರಲ್ಲಿ ಮಾಂಟ್ರಿಯಲ್ ಹೀಗೆ ಅದು ದೇಶದಿಂದ ದೇಶಕ್ಕೆ ಸಾಗಿತು. ಸಿಮೊ ಪುಂಟಾನೆನ್, ಜಾರ್ಜ್ ಸ್ಟೈಯನ್ ಮೊದಲಾದವರು ಈ ಪರಂಪರೆಯನ್ನು ಪೋಷಿಸಿದರು. ಒಂಬತ್ತನೆಯ ಕಾರ್ಯಾಗಾರ 2000ದ ಡಿಸೆಂಬರಿನಲ್ಲಿ ಹೈದರಾಬಾದಿನಲ್ಲಿ, ಸಿ. ಆರ್. ರಾವ್ ಅವರ ಎಂಬತ್ತನೆಯ ಹುಟ್ಟುಹಬ್ಬದ ಗೌರವಾರ್ಥವಾಗಿ ಜರುಗಿತು.

ರಾವ್ 1920ರಲ್ಲಿ ಹೂವಿನ ಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ ಜನಿಸಿದರು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯನ್ನು ಪಡೆದು, ಅದೇ ವರ್ಷ ನಿಧನರಾದರು. ಅವರು ಹುಟ್ಟಿದ್ದು ಈ ನಾಡಿನಲ್ಲಿ ಎಂದು ಹೆಮ್ಮೆಪಡುವುದು ಸುಲಭ. ಆದರೆ ಅವರ ವಿಚಾರದಿಂದ ಕನ್ನಡ ಅಧ್ಯಯನ ಏನನ್ನು ಪಡೆಯಬಲ್ಲದು ಎಂಬುದೇ ಮುಖ್ಯ ಪ್ರಶ್ನೆ.

ಎರಡು ಗುಂಪುಗಳ ನಡುವಿನ ಅಂತರವನ್ನು ಅಳೆಯಲು ಪಿ. ಸಿ. ಮಹಾಲನೋಬಿಸ್ 1936ರಲ್ಲಿ ಒಂದು ಮಾನವನ್ನು ಪ್ರತಿಪಾದಿಸಿದರು. ಅದರ ತಿರುಳು ಸರಳವಾದುದು. ಎತ್ತರ ಮತ್ತು ತೋಳಿನ ಉದ್ದ ಜೊತೆಜೊತೆಯಾಗಿ ಹೆಚ್ಚುವ ಲಕ್ಷಣಗಳಾದ್ದರಿಂದ ಅವುಗಳನ್ನು ಪ್ರತ್ಯೇಕವಾಗಿ ಕೂಡಿದರೆ ಒಂದೇ ವ್ಯತ್ಯಾಸವನ್ನು ಎರಡು ಬಾರಿ ಎಣಿಸಿದಂತಾಗುತ್ತದೆ. ಈ ಪುನರಾವರ್ತನೆಯನ್ನು ಲಕ್ಷಣಗಳ ಸಹಸಂಬಂಧವನ್ನು ತಿಳಿಸುವ ಮಾತೃಕೆಯ ವಿಲೋಮ ನಿವಾರಿಸುತ್ತದೆ. ಲಕ್ಷಣಗಳು ಪರಸ್ಪರ ಪೂರ್ಣ ಅಧೀನವಾಗಿದ್ದರೆ ಅಂತಹ ವಿಲೋಮವೇ ಇರುವುದಿಲ್ಲ. ಆ ಸಂದರ್ಭಕ್ಕೆ ಒದಗುವ ಸಾಮಾನ್ಯೀಕೃತ ವಿಲೋಮವನ್ನು ಕುರಿತು ರಾವ್ ಮತ್ತು ಎಸ್. ಕೆ. ಮಿತ್ರ 1971ರಲ್ಲಿ ಗ್ರಂಥವನ್ನೇ ರಚಿಸಿದರು.

ಇದನ್ನು ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಆಡುನುಡಿಗೆ ಅನ್ವಯಿಸಿ ನೋಡಬಹುದು. ಶಿಷ್ಟ ಕನ್ನಡದ ಮನೆ, ತಲೆ, ಎಲೆ ಎಂಬ ರೂಪಗಳು ಇಲ್ಲಿ ಮನಿ, ತಲಿ, ಎಲಿ ಎಂದಾಗುತ್ತವೆ. ಪದಪಟ್ಟಿಯಲ್ಲಿ ಇವು ಮೂರು ವ್ಯತ್ಯಾಸಗಳು. ವ್ಯಾಕರಣದಲ್ಲಿ ಒಂದೇ ನಿಯಮ. ಇಂತಹ ನೂರು ಪದಗಳನ್ನು ಪಟ್ಟಿಮಾಡಿ, ಈ ನುಡಿ ಶಿಷ್ಟರೂಪದಿಂದ ಅಷ್ಟು ದೂರ ಸರಿದಿದೆ ಎಂದು ಹೇಳಿದರೆ ಅದು ಎಣಿಕೆಯ ದೋಷವೇ ಹೊರತು ಭಾಷೆಯ ಲಕ್ಷಣವಲ್ಲ. ಈ ಸೀಮೆಯ ಕನ್ನಡವನ್ನು ಬೆರಕೆಯೆಂದೂ ಅಶುದ್ಧವೆಂದೂ ಕರೆಯುವ ರೂಢಿಗೆ ಇಂತಹ ಪಟ್ಟಿಗಳು ಶಾಸ್ತ್ರೀಯತೆಯ ಮುದ್ರೆಯೊತ್ತುವ ಅಪಾಯವಿದೆ. ತರಗತಿಯಲ್ಲಿ ತನ್ನ ಮನೆಮಾತಿಗೆ ತಾನೇ ನಾಚುವ ವಿದ್ಯಾರ್ಥಿ ಅದರ ಬೆಲೆಯನ್ನು ತೆರುತ್ತಾನೆ.

ಮಾದರಿಯ ಆಯ್ಕೆಯೂ ಇಷ್ಟೇ ಗಂಭೀರವಾದುದು. ವಾಡಿ ರೈಲ್ವೆ ಜಂಕ್ಷನ್ ಮತ್ತು ಸಿಮೆಂಟ್ ಕಾರ್ಖಾನೆಯ ಊರು. ಶಹಾಬಾದ್ ಕಲ್ಲುಗಣಿಗಳ ಊರು. ಚಿಂಚೋಳಿ ತೆಲಂಗಾಣದ ಗಡಿಗೆ ಹೊಂದಿಕೊಂಡ ತಾಲೂಕು. ವಲಸೆ ಬಂದ ಕಾರ್ಮಿಕರು, ಒಕ್ಕಲುತನದವರು, ಉರ್ದು ಅಥವಾ ತೆಲುಗು ಮನೆಮಾತಿನವರು ಆಡುವ ಕನ್ನಡ ಒಂದೇ ಬಗೆಯದಾಗಿರಲಾರದು. ಒಂದು ಊರಿನ ನಾಲ್ವರು ವಕ್ತೃಗಳಿಂದ ಪಡೆದ ಸಾಮಗ್ರಿಗೆ ಇಡೀ ಸೀಮೆಯ ಹೆಸರಿಡುವುದು ಸಾಧುವಲ್ಲ. ಊರು, ವೃತ್ತಿ, ಲಿಂಗ, ವಯಸ್ಸು, ಮನೆಮಾತುಗಳ ಸ್ತರಗಳನ್ನು ಮೊದಲೇ ಗುರುತಿಸಿ, ಪ್ರತಿಯೊಂದರಿಂದಲೂ ವಕ್ತೃಗಳನ್ನು ಆರಿಸುವುದು ಅವಶ್ಯ.

ಸಾಹಿತ್ಯದ ವಿದ್ಯಾರ್ಥಿಗೆ ಗಣಿತವೇಕೆ ಎಂಬ ಆಕ್ಷೇಪ ಸಹಜ. ಅದಕ್ಕೆ ಉತ್ತರ ಸೇಡಂ ತಾಲೂಕಿನಲ್ಲೇ ಇದೆ. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡ ಒಂದಲ್ಲ, ಹಲವು ಎಂಬುದನ್ನು ಗುರುತಿಸಿದ ‘ಕವಿರಾಜಮಾರ್ಗ’ವೂ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವೂ ನೃಪತುಂಗನ ಆಳ್ವಿಕೆಯ ಕಾಲದವು. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬ ಲೆಕ್ಕಕ್ಕೆ ಮಹಾವೀರ ಸಾಮಾನ್ಯ ಸೂತ್ರವನ್ನು ನೀಡಿದ್ದಾನೆ. ಸಂಭವನೀಯತೆಯ ಗಣಿತಕ್ಕೆ ಈ ಲೆಕ್ಕ ಮೂಲಭೂತವಾದುದು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಆ ಗ್ರಂಥವನ್ನು ತೆಲುಗಿಗೆ ತಂದ. ನುಡಿಯ ಲಕ್ಷಣ ಮತ್ತು ಗಣಿತ ಒಂದೇ ಕಾಲದ ಆಸಕ್ತಿಗಳಾಗಿದ್ದ ನೆಲದಲ್ಲಿ ಅವುಗಳನ್ನು ಇಂದು ಬೇರ್ಪಡಿಸಲು ಕಾರಣವಿಲ್ಲ.

ಸಂಖ್ಯೆ ಅರ್ಥವಿವೇಚನೆಯ ಸ್ಥಾನವನ್ನು ಆಕ್ರಮಿಸಬೇಕೆಂದು ಇಲ್ಲಿನ ವಾದವಲ್ಲ. ಮನಿ, ತಲಿ, ಎಲಿಗಳ ಹಿಂದೆ ಒಂದೇ ನಿಯಮವಿದೆ ಎಂದು ಹೇಳಬಲ್ಲವನು ಭಾಷಾವಿದ್ವಾಂಸನೇ. ಮಾತೃಕೆ ಅವನ ವಿವೇಕಕ್ಕೆ ನೆರವಾಗುತ್ತದೆ, ಅಷ್ಟೆ. ಆದ್ದರಿಂದ ಸಂಶೋಧನ ವಿಧಾನದ ಪಠ್ಯದಲ್ಲಿ ಮಾದರಿ ಮತ್ತು ಸಹಸಂಬಂಧಗಳ ಪ್ರಾಥಮಿಕ ಪರಿಚಯವಿರಬೇಕು. ಕ್ಷೇತ್ರಕಾರ್ಯಕ್ಕೆ ಹೊರಡುವ ಮುನ್ನವೇ ಸಂಖ್ಯಾಶಾಸ್ತ್ರ ವಿಭಾಗದವರೊಡನೆ ಸಮಾಲೋಚನೆ ನಡೆಯಬೇಕು. ವಾಡಿಯಿಂದ ಚಿತ್ತಾಪುರ, ಸೇಡಂಗಳನ್ನು ಹಾದು ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗ 1874ರಷ್ಟು ಹಳೆಯದು. ಹೈದರಾಬಾದಿನಲ್ಲಿ 2000ದಲ್ಲಿ ನಡೆದ ವಿದ್ವತ್ ಚರ್ಚೆ ಭೌಗೋಳಿಕವಾಗಿ ಈ ಸೀಮೆಗೆ ದೂರವಿರಲಿಲ್ಲ. ಉಳಿದಿರುವುದು ಶಾಸ್ತ್ರಗಳ ನಡುವಿನ ದೂರ. ಅದನ್ನು ಕಡಿಮೆ ಮಾಡುವ ಹೊಣೆ ಕನ್ನಡ ವಿಭಾಗಗಳದ್ದೂ ಆಗಿದೆ.