ಹಳೆಯ ಆಟದ ಯಂತ್ರಕ್ಕೆ ಮೊದಲು ಏನು ಕೊಳ್ಳಬೇಕು?



ಬೇಸಿಗೆ ರಜೆಗೆ ಮುಂಚೆ ನಮ್ಮ ಯುವ ಸಂಘಟನೆಯಿಂದ ಒಂದು ರೆಟ್ರೊ ಹ್ಯಾಂಡ್‌ಹೆಲ್ಡ್ ತೆಗೆದುಕೊಂಡದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು 1980 ಮತ್ತು 90ರ ದಶಕದ ವಿಡಿಯೋ ಗೇಮ್‌ಗಳನ್ನು ಆಡಲಿಕ್ಕಿರುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ. ಅದರಲ್ಲಿ ಸಿಮ್ ಇಲ್ಲ, ಜಾಹೀರಾತು ಇಲ್ಲ. ಆಟದ ನಡುವೆ ದುಡ್ಡು ಕೇಳುವುದಿಲ್ಲ, ಗುರುತಿಲ್ಲದವರು ಮೆಸೇಜ್ ಕಳಿಸುವುದಿಲ್ಲ. ಫೋನಿಗಿಂತ ಇದು ವಾಸಿ ಎಂದುಕೊಂಡು ಮಕ್ಕಳಿಗೆ ಸರದಿಯ ಮೇಲೆ ಕೊಡುತ್ತಾ ಬಂದೆವು. ಪುಸ್ತಕದಲ್ಲಿ ಹೆಸರು ಬರೆದು, ವಾರಕ್ಕೊಂದು ಮನೆ.

ಯಂತ್ರ ಬಂದ ಮೇಲೆ ನಮ್ಮ ಕೈಯಲ್ಲಿ ಸ್ವಲ್ಪ ಹಣ ಉಳಿದಿತ್ತು. ಅದನ್ನು ಅಪ್‌ಗ್ರೇಡ್‌ಗೆ ಬಳಸುವ ಎಂದು ಮೀಟಿಂಗ್‌ನಲ್ಲಿ ತೀರ್ಮಾನವಾಯಿತು. ಬಣ್ಣಬಣ್ಣದ ಬಟನ್‌ಗಳು ಬಂದವು, ಹೊರಮೈಗೆ ಅಂಟಿಸುವ ಚಂದದ ಸ್ಕಿನ್ ಬಂತು, ಕತ್ತಿಗೆ ನೇತುಹಾಕುವ ದಾರವೂ ಬಂತು. ಫೋಟೋ ತೆಗೆದು ಗ್ರೂಪಿಗೆ ಹಾಕಿದೆವು, ಎಲ್ಲರೂ ಲೈಕ್ ಕೊಟ್ಟರು. ಒಳಗಿನ ಮೆಮೊರಿ ಕಾರ್ಡ್ ಮಾತ್ರ ಯಂತ್ರದ ಜೊತೆ ಬಂದದ್ದೇ ಇತ್ತು. ಅದನ್ನು ಬದಲಿಸಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಆಗಸ್ಟ್‌ನಲ್ಲಿ ಏಳನೇ ತರಗತಿಯ ಒಬ್ಬ ಹುಡುಗ ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತ. ಸರದಿಯನ್ನು ಬದಿಗಿಟ್ಟು ಯಂತ್ರವನ್ನು ಅವನಿಗೇ ಬಿಟ್ಟೆವು. ಐದು ವಾರ ಒಂದೇ ಆಟವನ್ನು ಆಡಿ ಕೊನೆಯ ಹಂತದ ಹತ್ತಿರ ಬಂದಿದ್ದ. ಒಂದು ದಿನ ಬೆಳಿಗ್ಗೆ ಸ್ವಿಚ್ ಹಾಕಿದರೆ ಕಪ್ಪು ಪರದೆ ಮಾತ್ರ. ಕಾರ್ಡ್ ಸತ್ತಿತ್ತು, ಅದರೊಳಗಿದ್ದ ಐದು ವಾರದ ಆಟವೂ ಹೋಗಿತ್ತು. ಆ ಭಾನುವಾರ ಪೂಜೆ ಮುಗಿದ ಮೇಲೆ ಅವನ ಅಮ್ಮ ನಮ್ಮ ಹತ್ತಿರ ಬಂದು, "ಇನ್ನೊಮ್ಮೆ ಆಡಿದರಾಯ್ತು ಅಂತ ಹೇಳಿದೆ. ಅವ ಮಾತೇ ಆಡ್ಲಿಲ್ಲ" ಎಂದರು. ಅವರು ದೂರು ಹೇಳಲು ಬಂದವರಲ್ಲ. ಆದರೆ ನಮಗೆ ತಲೆ ಎತ್ತಲಿಕ್ಕಾಗಲಿಲ್ಲ. ಬಟನ್‌ಗೆ ಹಾಕಿದ ಹಣದಲ್ಲಿ ಒಂದು ಒಳ್ಳೆಯ ಕಾರ್ಡ್ ಬರುತ್ತಿತ್ತು.

ಇಂಥ ಯಂತ್ರಗಳು ಈಗ ನಮ್ಮ ಅನೇಕ ಮನೆಗಳಲ್ಲಿವೆ. ಗಲ್ಫಿನಿಂದ ಬರುವ ಮಾಮನ ಪೆಟ್ಟಿಗೆಯಲ್ಲೂ ಬರುತ್ತವೆ, ಆನ್‌ಲೈನ್‌ನಲ್ಲೂ ಬರುತ್ತವೆ. ಕ್ರಿಸ್ಮಸ್ ಹತ್ತಿರವಾಗುತ್ತಿದ್ದಂತೆ ಇನ್ನಷ್ಟು ಬರಲಿವೆ. ನಾವು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇವೆ. ನಮ್ಮ ಅಭಿಪ್ರಾಯ ಇಷ್ಟು: ಯಂತ್ರದ ಬಾಳಿಕೆ ಹೆಚ್ಚಿಸುವ ವಸ್ತುವಿಗೆ ಮೊದಲ ಹಣ, ಇಬ್ಬರು ಕೂಡಿ ಆಡಲು ನೆರವಾಗುವುದಕ್ಕೆ ಎರಡನೆಯ ಹಣ, ಅಲಂಕಾರಕ್ಕೆ ಉಳಿದರೆ ಮಾತ್ರ.

ಈ ಲೆಕ್ಕ ನಮ್ಮದೇನೂ ಹೊಸದಲ್ಲ. ಜಪಾನಿನ ನಿಂಟೆಂಡೊ ಕಂಪನಿ 1989ರಲ್ಲಿ ಗೇಮ್ ಬಾಯ್ ತಂದಾಗ ಅದರ ಪರದೆಯಲ್ಲಿ ಬಣ್ಣ ಇರಲಿಲ್ಲ, ಬೆಳಕೂ ಇರಲಿಲ್ಲ. ಮರುವರ್ಷವೇ ಸೆಗಾ ಕಂಪನಿ ಗೇಮ್ ಗಿಯರ್ ತಂದಿತು. ಅದರಲ್ಲಿ ಬಣ್ಣವೂ ಇತ್ತು, ಪರದೆಯ ಹಿಂದೆ ದೀಪವೂ ಇತ್ತು. ಆದರೆ ಅದಕ್ಕೆ ಆರು ಪೆನ್ಸಿಲ್ ಸೆಲ್ ಬೇಕಿತ್ತು, ಅವು ಮೂರರಿಂದ ಐದು ಗಂಟೆಯೊಳಗೆ ಮುಗಿಯುತ್ತಿದ್ದವು. ಗೇಮ್ ಬಾಯ್ ನಾಲ್ಕು ಸೆಲ್‌ನಲ್ಲಿ ಹತ್ತು ಗಂಟೆಗೂ ಹೆಚ್ಚು ನಡೆಯುತ್ತಿತ್ತು. ಅದನ್ನು ರೂಪಿಸಿದ ತಂಡದ ಗುನ್ಪೆ ಯೊಕೊಯಿ ಅವರಿಗೆ ಹೊಸ, ದುಬಾರಿ ತಂತ್ರಜ್ಞಾನಕ್ಕಿಂತ ಅಗ್ಗದ, ಪಳಗಿದ ತಂತ್ರಜ್ಞಾನದ ಮೇಲೆ ನಂಬಿಕೆ ಹೆಚ್ಚು. ಕೊನೆಗೆ ಗೇಮ್ ಬಾಯ್ ಮತ್ತು ಅದರ ಬಣ್ಣದ ಮಾದರಿ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾದವು. ಗೇಮ್ ಗಿಯರ್ ಸುಮಾರು ಒಂದು ಕೋಟಿಗೆ ನಿಂತಿತು. ಒಳ್ಳೆಯ ಆಟಗಳಿದ್ದದ್ದೂ ಇದಕ್ಕೆ ಕಾರಣ ಹೌದು. ಆದರೂ ಮಕ್ಕಳ ಕೈಗೆ ಕೊಡುವ ವಸ್ತು ಹೊಳೆಯುವುದಕ್ಕಿಂತ ಬಾಳುವುದು ಮುಖ್ಯ ಎಂಬ ಪಾಠ ಅದರಲ್ಲಿದೆ.

ಈಗ ಒಂದೊಂದಾಗಿ ನೋಡುವ.

ಮೊದಲನೆಯದು ಮೆಮೊರಿ ಕಾರ್ಡ್. ಕಡಿಮೆ ಬೆಲೆಯ ಯಂತ್ರಗಳ ಜೊತೆ ಬರುವ ಹೆಸರಿಲ್ಲದ ಕಾರ್ಡನ್ನು ನಂಬಬೇಡಿ. ಬಿಲ್ ಕೊಡುವ ಅಂಗಡಿಯಿಂದ ಒಳ್ಳೆಯ ಕಂಪನಿಯ ಮೈಕ್ರೊ ಎಸ್‌ಡಿ ಕಾರ್ಡ್ ಕೊಳ್ಳಿ. 256 ಜಿಬಿ, 512 ಜಿಬಿ ಬೇಕೇ ಬೇಡ. ಗೇಮ್ ಬಾಯ್‌ನ ಟೆಟ್ರಿಸ್ ಆಟದ ಗಾತ್ರ ಬರೀ 32 ಕಿಲೋಬೈಟ್. 2001ರ ಗೇಮ್ ಬಾಯ್ ಅಡ್ವಾನ್ಸ್‌ನ ಆಟಗಳೂ ಸಾಮಾನ್ಯವಾಗಿ 32 ಮೆಗಾಬೈಟ್ ದಾಟುವುದಿಲ್ಲ. ಅಂಥ ನೂರು ಆಟ ತುಂಬಿದರೂ ಮೂರು ಜಿಬಿ ಚಿಲ್ಲರೆ. 32 ಅಥವಾ 64 ಜಿಬಿ ಧಾರಾಳ. ಹೊಸ ಕಾರ್ಡ್ ಬಂದ ಕೂಡಲೇ ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಕಾರ್ಡಿನ ತುಂಬ ಮಾಹಿತಿ ಬರೆದು, ಮತ್ತೆ ಓದಿ, ಮೇಲೆ ಬರೆದಷ್ಟು ಜಾಗ ಒಳಗೆ ನಿಜವಾಗಿ ಇದೆಯೇ ಎಂದು ಅವು ತಿಳಿಸುತ್ತವೆ. ನಕಲಿ ಕಾರ್ಡ್ ಇಲ್ಲಿ ಸಿಕ್ಕಿಬೀಳುತ್ತದೆ.

ಎರಡನೆಯದಕ್ಕೆ ಒಂದು ರೂಪಾಯಿಯೂ ಬೇಡ. ವಾರಕ್ಕೊಮ್ಮೆ ಕಾರ್ಡಿನ ಸೇವ್ ಫೋಲ್ಡರನ್ನು ಕಂಪ್ಯೂಟರಿಗೆ ಕಾಪಿ ಮಾಡಿ. ಗೇಮ್ ಬಾಯ್ ಮತ್ತು ಅಡ್ವಾನ್ಸ್ ಆಟಗಳ ಸೇವ್ ಫೈಲ್ ಸಾಮಾನ್ಯವಾಗಿ 128 ಕಿಲೋಬೈಟ್ ಮೀರುವುದಿಲ್ಲ, ಇಮೇಲ್‌ನಲ್ಲೇ ಕಳಿಸಿಡಬಹುದು. ನಾವು ಇಷ್ಟು ಮಾಡಿದ್ದರೆ ಆ ಹುಡುಗನ ಆಟ ಉಳಿಯುತ್ತಿತ್ತು.

ಮೂರನೆಯದು ಚಾರ್ಜಿಂಗ್. ಇಂಥ ಯಂತ್ರಗಳಲ್ಲಿ ಯುಎಸ್‌ಬಿ-ಸಿ ಜಾಗ ಇದ್ದರೂ, ಎರಡೂ ತುದಿ ಸಿ ಇರುವ ಕೇಬಲ್ ಹಾಕಿದರೆ ಕೆಲವು ಚಾರ್ಜೇ ಆಗುವುದಿಲ್ಲ. ಯಂತ್ರ ಹಾಳಾಗಿದೆ ಎಂದು ಗಾಬರಿಯಾಗಬೇಡಿ. ತನಗೆ ಎಷ್ಟು ಕರೆಂಟ್ ಬೇಕೆಂದು ಚಾರ್ಜರಿಗೆ ತಿಳಿಸುವ ಸಣ್ಣ ಭಾಗವನ್ನು ತಯಾರಕರು ಉಳಿತಾಯಕ್ಕಾಗಿ ಬಿಟ್ಟಿರುತ್ತಾರೆ. ಒಂದು ತುದಿ ಹಳೆಯ ಅಗಲದ ಯುಎಸ್‌ಬಿ, ಇನ್ನೊಂದು ತುದಿ ಸಿ ಇರುವ ಕೇಬಲನ್ನು ಮನೆಯ ಹಳೆಯ 5 ವೋಲ್ಟ್ ಫೋನ್ ಚಾರ್ಜರಿಗೆ ಸಿಕ್ಕಿಸಿದರೆ ಸಾಕು. ರಾತ್ರಿಯಿಡೀ ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದಂತೆ ಕಂಡರೆ ಅಂದೇ ಆಟ ನಿಲ್ಲಿಸಿ. ಅದನ್ನು ಒತ್ತಬಾರದು, ಚುಚ್ಚಬಾರದು, ಹಸಿ ಕಸದ ಜೊತೆ ಎಸೆಯಬಾರದು. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಕೊಳ್ಳುವ ಮುಂಚೆಯೇ ಬ್ಯಾಟರಿ ಬದಲಿಸಲು ಬರುತ್ತದೆಯೇ ಎಂದು ನೋಡುವುದು ಜಾಣತನ. ಉದಾಹರಣೆಗೆ ಮಿಯೂ ಮಿನಿ ಪ್ಲಸ್‌ನಲ್ಲಿ 3000 ಎಂಎಎಚ್ ಬ್ಯಾಟರಿಯನ್ನು ಮುಚ್ಚಳ ತೆಗೆದು ಬದಲಿಸಬಹುದು.

ನಾಲ್ಕನೆಯದು ಗಾಜು ಮತ್ತು ಡಬ್ಬಿ. ಪರದೆಯ ಅಳತೆಗೆ ಸರಿಯಾದ ಟೆಂಪರ್ಡ್ ಗ್ಲಾಸ್ ಮತ್ತು ಝಿಪ್ ಇರುವ ಗಟ್ಟಿ ಡಬ್ಬಿ, ಎರಡೂ ಬೇಕು. ಶಾಲೆಯ ಚೀಲದಲ್ಲಿ ಕಂಪಾಸ್ ಬಾಕ್ಸ್ ಪಕ್ಕ ಕೂತರೆ ಪರದೆಗೆ ಉಳಿಗಾಲವಿಲ್ಲ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಈ ಡಬ್ಬಿಯೊಳಗೆ ಹಾಕಿಡಿ. ಪುಟ್ಟ ಮಕ್ಕಳ ಕೈಗೆ ಮಾತ್ರ ಆ ಪೊಟ್ಟಣ ಸಿಗಬಾರದು.

ಇಷ್ಟಾದ ಮೇಲೆ ಕೂಡಿ ಆಡುವ ವಿಷಯ. ಹಳೆಯ ಗೇಮ್ ಬಾಯ್‌ನಲ್ಲಿ ಮೊದಲ ದಿನದಿಂದಲೇ ಎರಡು ಯಂತ್ರಗಳನ್ನು ಜೋಡಿಸುವ ಕೇಬಲ್‌ಗೆ ಜಾಗ ಇತ್ತು. ಆ ಕೇಬಲನ್ನು ನೋಡಿ, ಹುಳುವೊಂದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿದು ಹೋಗುವಂತೆ ಕಲ್ಪಿಸಿಕೊಂಡವರು ಸತೋಶಿ ತಜಿರಿ. 1996ರಲ್ಲಿ ಬಂದ ಪೋಕೆಮಾನ್ ಹುಟ್ಟಿದ್ದು ಹಾಗೆ. ಕೆಲವು ಜೀವಿಗಳು ಒಂದು ಆವೃತ್ತಿಯಲ್ಲಿ ಮಾತ್ರ ಸಿಗುತ್ತಿದ್ದವು. ಎಲ್ಲವೂ ಬೇಕಾದರೆ ಗೆಳೆಯನ ಬಳಿ ಹೋಗಿ ಬದಲಾಯಿಸಿಕೊಳ್ಳಲೇಬೇಕು. ಒಬ್ಬನೇ ಮೂಲೆಯಲ್ಲಿ ಕೂತು ಆಡುವ ಯಂತ್ರವನ್ನು ಇಬ್ಬರ ಆಟವಾಗಿಸಿದ್ದು ಒಂದು ತಂತಿ. ಈಗಿನ ಹಲವು ಯಂತ್ರಗಳಲ್ಲಿ ಆ ಕೆಲಸಕ್ಕೆ ವೈಫೈ ಇದೆ. ಕೆಲವು ಮಾದರಿಗಳನ್ನು ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿ, ಇನ್ನೊಂದು ಕಂಟ್ರೋಲರ್ ಸಿಕ್ಕಿಸಿ, ಮನೆಯವರೆಲ್ಲ ಆಡಬಹುದು. ಅಪ್ಪ ಅಮ್ಮನಿಗೂ ಒಂದು ಸರದಿ ಸಿಗುತ್ತದೆ. ಕಂಟ್ರೋಲರ್ ಕೊಳ್ಳುವ ಹಣವನ್ನು ನಾವು ದಂಡ ಎಂದು ಹೇಳುವುದಿಲ್ಲ.

ಇನ್ನು ಒಂದು ಕಷ್ಟದ ಮಾತು. ಕಾರ್ಡ್ ಸತ್ತ ಮೇಲೆ ಹೊಸ ಕಾರ್ಡ್ ತಂದೆವು. ಆಟಗಳನ್ನು ಎಲ್ಲಿಂದ ತುಂಬುವುದು? ಹಳೆಯ ಕಾರ್ಡಿನಲ್ಲಿ ಸಾವಿರಾರು ಆಟಗಳು ಮೊದಲೇ ತುಂಬಿ ಬಂದಿದ್ದವು. ಅಂಥದ್ದೇ ಇನ್ನೊಂದನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ಎಂದು ಹೊರಟಾಗ ನಮ್ಮಲ್ಲೇ ಒಬ್ಬಳು ಕೇಳಿದಳು, "ಚರ್ಚಿನ ಹೆಸರಲ್ಲಿ ಮಕ್ಕಳಿಗೆ ಕೊಡ್ತಾ ಇದ್ದೇವಲ್ಲ, ಈ ಆಟಗಳು ಯಾರದ್ದು?"

ಆ ದಿನ ಒಂದು ಗಂಟೆ ವಾದ ನಡೆಯಿತು. ಮೂವತ್ತು ವರ್ಷ ಹಳೆಯ ಆಟ, ಈಗ ಅಂಗಡಿಯಲ್ಲಿ ಸಿಗುವುದೇ ಇಲ್ಲ, ಯಾರಿಗೆ ನಷ್ಟ ಎಂದು ಕೆಲವರು ಹೇಳಿದರು. ಅದರಲ್ಲಿ ಹುರುಳಿಲ್ಲ ಎನ್ನಲಾಗದು. ಎಷ್ಟೋ ಹಳೆಯ ಆಟಗಳನ್ನು ಉಳಿಸಿದ್ದೇ ಆಸಕ್ತ ಜನರು. ಆದರೆ ಹಲವು ಹಳೆಯ ಆಟಗಳನ್ನು ಅವುಗಳ ಒಡೆಯರು ಇಂದಿಗೂ ಮಾರುತ್ತಿದ್ದಾರೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ, 1989ರ ಆಟದ ಹಕ್ಕು ಇನ್ನೂ ಮುಗಿದಿಲ್ಲ. ಧರ್ಮೋಪದೇಶದ ತರಗತಿಯಲ್ಲಿ ಏಳನೇ ಆಜ್ಞೆಯನ್ನು ಕಲಿಸುವವರೂ ನಾವೇ. ತರಗತಿ ಮುಗಿದ ಮೇಲೆ ಅದೇ ಮಕ್ಕಳ ಕೈಗೆ ಯಾರದೋ ದುಡಿಮೆಯನ್ನು ಕೇಳದೆ ತೆಗೆದು ಕೊಟ್ಟರೆ, ಮಕ್ಕಳು ಯಾವ ಪಾಠವನ್ನು ನೆನಪಿಟ್ಟುಕೊಳ್ಳುತ್ತಾರೆ? ತಿಳಿಯದೆ ಮಾಡಿದ್ದು ಒಂದು, ತಿಳಿದ ಮೇಲೂ ಮಾಡಿದರೆ ಇನ್ನೊಂದು.

ಹಾಗಾಗಿ ಹೊಸ ಕಾರ್ಡಿಗೆ ರಚಿಸಿದವರೇ ಉಚಿತವಾಗಿ ಕೊಟ್ಟ ಆಟಗಳನ್ನು ಮಾತ್ರ ಹಾಕಿದೆವು. ಹುಡುಕಿದರೆ ಒಳ್ಳೊಳ್ಳೆಯವೇ ಇವೆ. ಕೇವ್ ಸ್ಟೋರಿ ಎಂಬ ಆಟವನ್ನು ಜಪಾನಿನ ದೈಸುಕೆ ಅಮಾಯಾ ಒಬ್ಬರೇ ಸುಮಾರು ಐದು ವರ್ಷ ಬಿಡುವಿನ ವೇಳೆಯಲ್ಲಿ ಮಾಡಿ 2004ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿದರು. ಟೋಬು ಟೋಬು ಗರ್ಲ್ ಎಂಬುದು 2017ರಲ್ಲಿ ಹೊಸದಾಗಿ ಗೇಮ್ ಬಾಯ್‌ಗೆಂದೇ ಮಾಡಿದ ಮುಕ್ತ ಆಟ. ಊರು ಕಟ್ಟುವ ಆಸೆ ಇರುವವರಿಗೆ ಮೈಕ್ರೊಸಿಟಿ ಎಂಬ ಮುಕ್ತ ಆಟವಿದೆ. ಸಾವಿರಾರು ಆಟಗಳಿದ್ದಾಗ ಮಕ್ಕಳು ಐದು ನಿಮಿಷಕ್ಕೊಂದು ಬದಲಿಸುತ್ತಿದ್ದರು. ಈಗ ಹನ್ನೆರಡೇ ಇವೆ, ಕೂತು ಮುಗಿಸುತ್ತಾರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಜಿಬಿ ಸ್ಟುಡಿಯೊ ಎಂಬ ಉಚಿತ ತಂತ್ರಾಂಶದಲ್ಲಿ ಪ್ರೋಗ್ರಾಮಿಂಗ್ ಬಾರದವರೂ ಚಿತ್ರಗಳನ್ನು ಜೋಡಿಸಿ ಗೇಮ್ ಬಾಯ್ ಆಟ ಮಾಡಬಹುದು. ಗೋದಲಿ ಕಟ್ಟಲು ಮನೆಮನೆಗೆ ಹೋಗಿ ಹುಲ್ಲು, ಬಿದಿರು, ನಕ್ಷತ್ರ ಕೂಡಿಸುವ ಒಂದು ಸಣ್ಣ ಆಟವನ್ನು ನಮ್ಮ ಮಕ್ಕಳೇ ಮಾಡಿದರೆ ಹೇಗಿರುತ್ತದೆ? ಯಾವ ಬಣ್ಣದ ಬಟನ್‌ಗಿಂತಲೂ ಇದನ್ನು ನಾವು ದೊಡ್ಡ ಅಪ್‌ಗ್ರೇಡ್ ಎನ್ನುತ್ತೇವೆ.

ಅಲಂಕಾರವೇ ತಪ್ಪೆಂದು ನಾವು ಹೇಳುವುದಿಲ್ಲ. ಹಬ್ಬಕ್ಕೆ ಚರ್ಚನ್ನೂ ಅಲಂಕರಿಸುತ್ತೇವೆ, ಆದರೆ ಸೋರುವ ಮಾಡನ್ನು ಮೊದಲು ಸರಿಮಾಡಿಸಿದ ಮೇಲೆ. ಹೆತ್ತವರಿಗೂ ಒಂದು ಕೋರಿಕೆ: ಯಂತ್ರ ಕೊಡಿಸುವಾಗ ಹಣದ ಒಂದು ಪಾಲನ್ನು ಕಾರ್ಡ್, ಗಾಜು, ಡಬ್ಬಿಗಳಿಗೆ ತೆಗೆದಿಡಿ. ಜೊತೆಗೆ ಆಟದ ಹೊತ್ತನ್ನೂ ಮೊದಲೇ ಮಾತಾಡಿಕೊಳ್ಳಿ. ಸಂಜೆಯ ಜಪಸರದ ಹೊತ್ತಿಗೆ ಅದು ಡಬ್ಬಿಯೊಳಗೆ ಇರಲಿ.

ಪ್ಲಾಸ್ಟರ್ ತೆಗೆದ ಮೇಲೆ ಆ ಹುಡುಗ ಚರ್ಚಿಗೆ ಬಂದಿದ್ದ. ಹೊಸ ಕಾರ್ಡ್ ಹಾಕಿದ ಯಂತ್ರವನ್ನು ಮೊದಲು ಅವನಿಗೇ ಕೊಟ್ಟು ಕ್ಷಮೆ ಕೇಳಿದೆವು. "ಕಾಪಿ ಮಾಡಿಡ್ಲಿಕ್ಕೆ ನನಗೂ ಕಲಿಸಿ" ಎಂದ. ಈಗ ಪ್ರತಿ ಭಾನುವಾರ ಎಲ್ಲರ ಸೇವ್ ಫೈಲ್ ಕಾಪಿ ಮಾಡುವ ಜವಾಬ್ದಾರಿ ಅವನದೇ. ನಿಮ್ಮ ಮನೆಯಲ್ಲೂ ಇಂಥ ಯಂತ್ರ ಇದ್ದರೆ ಬರುವ ಭಾನುವಾರ ಎರಡನೇ ಪೂಜೆಯ ನಂತರ ಹಾಲ್‌ಗೆ ತನ್ನಿ. ಕಾರ್ಡ್ ಪರೀಕ್ಷಿಸಿ ಕೊಡುತ್ತೇವೆ, ಕಾಪಿ ಮಾಡುವುದನ್ನು ಅವನು ತೋರಿಸಿಕೊಡುತ್ತಾನೆ.

ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.