ಬೇಲಿಯ ಹೊರಗೆ ನಿಂತು ನೋಡುವವರ ಪರವಾಗಿ

ರಾಜ್ಯೋತ್ಸವದ ವೇದಿಕೆಯಿಂದ ವರ್ಷಕ್ಕೊಮ್ಮೆ ತಪ್ಪದೆ ಕೇಳಿಬರುವ ಮಾತೊಂದಿದೆ: "ನಮ್ಮ ಬೆಂಗಳೂರು ಭಾರತದ ವಿಮಾನಗಳ ತವರುಮನೆ." ಚಪ್ಪಾಳೆಯೂ ಬೀಳುತ್ತದೆ. ಆದರೆ ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ತಯಾರಾದ ಹೆಲಿಕಾಪ್ಟರೊಂದು ಸಭಾಂಗಣದ ಮೇಲೆಯೇ ಹಾರಿಹೋದರೆ, ಇದು ಇಂಥದು ಎಂದು ಗುರುತಿಸಿ ಹೇಳುವವರು ಆ ಸಭೆಯಲ್ಲಿ ಎಷ್ಟು ಮಂದಿ? ಗುರುತಿಸಲೆಂದು ಎದ್ದು ಹೊರಗೆ ಓಡಿದ ಹುಡುಗನಿಗೆ ಸಿಗುವುದು ಚಪ್ಪಾಳೆಯಲ್ಲ, ಅಪ್ಪನ ಕೆಂಗಣ್ಣು.

ಸಂಘದ ಹಿರಿಯರೊಬ್ಬರು ಈಚೆಗೆ ನನ್ನನ್ನು ತಡೆದು, "ಏನ್ರೀ, ನಲವತ್ತು ದಾಟಿದರೂ ಇನ್ನೂ ವಿಮಾನ ಎಣಿಸುತ್ತೀರಂತೆ! ಎಣಿಸಿಕೊಳ್ಳಿ, ನಮ್ಮ ಮೊಮ್ಮಗನನ್ನು ಮಾತ್ರ ಕೆಡಿಸಬೇಡಿ" ಎಂದರು. ನಗುತ್ತಲೇ ಅಂದರು, ಅವರ ಮೇಲೆ ನನಗೆ ಗೌರವ ಕಡಿಮೆಯಾಗಿಲ್ಲ. ಆದರೆ ಈ ಮಾತು ಅವರೊಬ್ಬರದಲ್ಲ, ನಮ್ಮ ಬಹುಪಾಲು ಮನೆಗಳದು. ಆದ್ದರಿಂದ ಉತ್ತರವನ್ನೂ ಎಲ್ಲರಿಗೂ ಕೇಳಿಸುವಂತೆ ಇಲ್ಲಿಯೇ ಹೇಳುತ್ತೇನೆ. ನಾನು ಕೇಂದ್ರ ಸರಕಾರದ ಆಫೀಸಿನಲ್ಲಿ ಗುಮಾಸ್ತ. ಬಿ.ಎಸ್‌ಸಿ. ಓದಿದ್ದು ಭೌತಶಾಸ್ತ್ರ, ಅದು ಡಿಗ್ರಿ ಸರ್ಟಿಫಿಕೇಟಿನಿಂದ ಹೊರಬಂದು ನನ್ನ ಕಣ್ಣಿಗೆ ಕಾಣುವುದು ರವಿವಾರ ಬೆಳಿಗ್ಗೆ ಸೋನೆಗಾಂವ್ ಕಡೆ ತಲೆ ಎತ್ತಿ ನಿಂತಾಗ ಮಾತ್ರ.

ಮೊದಲನೆಯ ಆಕ್ಷೇಪ, ಇದು ಕೆಲಸವಿಲ್ಲದವರ ಚಟ ಎಂಬುದು. ಕ್ರಿಕೆಟ್ಟಿನ ಅಂಕಿ ಅಂಶ ಬಾಯಿಪಾಠ ಮಾಡುವುದು ಚಟವಲ್ಲ, ಅಂಚೆಚೀಟಿ ಕೂಡಿಸುವುದು ಸದಭ್ಯಾಸ, ಹಕ್ಕಿ ನೋಡುವುದಂತೂ ಈಗ ದೊಡ್ಡವರ ಗೌರವದ ಹವ್ಯಾಸ! ವಿಮಾನ ನೋಡುವುದು ಮಾತ್ರ ಹುಚ್ಚು. ಹಕ್ಕಿ ನೋಡುವವನು ಏನು ಮಾಡುತ್ತಾನೆ? ರೆಕ್ಕೆಯ ಆಕಾರ, ಬಾಲದ ರೀತಿ, ದನಿ, ಹಾರುವ ಠೀವಿ, ಇವುಗಳಿಂದ ಜಾತಿ ಹೇಳುತ್ತಾನೆ. ನಾವು ಮಾಡುವುದೂ ಅದನ್ನೇ. ನಾಗಪುರದಲ್ಲಿ ಹೆಲಿಕಾಪ್ಟರ್ ಎಂದರೆ ಒಂದೋ ಚುನಾವಣೆ, ಇಲ್ಲವೆ ಗಡಚಿರೋಲಿ. ಗಾಯಗೊಂಡ ಜವಾನರನ್ನು ಗಡಚಿರೋಲಿಯ ಕಾಡಿನಿಂದ ಇಲ್ಲಿನ ಆಸ್ಪತ್ರೆಗೆ ಹೊತ್ತು ತರುವುದು ಅದೇ ಹೆಲಿಕಾಪ್ಟರು. ಮುಖ್ಯ ರೋಟರಿಗೆ ಐದು ಅಲಗುಗಳಿದ್ದು, ಮೈ ಬಸ್ಸಿನಷ್ಟು ದಪ್ಪಗಿದ್ದರೆ ಅದು ರಷ್ಯಾದ ಎಂ.ಐ. ಕುಟುಂಬದ್ದು. ಬಾಲದ ಪುಟ್ಟ ರೋಟರು ಬಲಬದಿಗಿದ್ದರೆ ಹಳೆಯ ಎಂ.ಐ.-8, ಎಡಬದಿಗಿದ್ದರೆ ಎಂ.ಐ.-17. ಮೂರೇ ಅಲಗು, ಮುಂದೆ ಗಾಜಿನ ದುಂಡು ಮುಖ, ಬೆನ್ನ ಮೇಲೆ ಬಯಲಾಗಿ ಕಾಣುವ ಒಂದೇ ಎಂಜಿನ್, ಇದು ಫ್ರೆಂಚರ ನಕ್ಷೆಯಿಂದ ಬೆಂಗಳೂರಿನ ಎಚ್.ಎ.ಎಲ್. 1960ರ ದಶಕದಿಂದ ಕಟ್ಟಿಕೊಂಡು ಬಂದ ಚೇತಕ್. ನಾಲ್ಕು ಅಲಗು, ಎರಡು ಎಂಜಿನ್, ಬಾಲದ ಅಡ್ಡಪಟ್ಟಿಯ ಎರಡು ತುದಿಗೂ ನಿಂತ ಹಲಗೆಗಳು ಕಂಡರೆ ಅದು ಧ್ರುವ್. ನಮ್ಮವರೇ ರೂಪಿಸಿದ್ದು, 1992ರ ಆಗಸ್ಟಿನಲ್ಲಿ ಮೊದಲು ನೆಲ ಬಿಟ್ಟದ್ದು.

ಇಷ್ಟನ್ನು ಹತ್ತು ವರ್ಷದ ಹುಡುಗ ಅರ್ಧ ಗಂಟೆಯಲ್ಲಿ ಕಲಿಯುತ್ತಾನೆ. ಕಲಿತ ಮೇಲೆ ಸುಮ್ಮನಿರುವುದಿಲ್ಲ. ಬಾಲಕ್ಕೆ ಇನ್ನೊಂದು ರೋಟರು ಯಾಕೆ ಬೇಕು ಎಂದು ಕೇಳುತ್ತಾನೆ. ಅಲ್ಲಿಂದ ನ್ಯೂಟನ್ನನ ಮೂರನೆಯ ನಿಯಮಕ್ಕೆ ಎಷ್ಟು ದೂರ? ಕೋಚಿಂಗ್ ಕ್ಲಾಸಿಗೆ ಸಾವಿರಗಟ್ಟಲೆ ಕಟ್ಟಿ ಅದೇ ನಿಯಮವನ್ನು ಹುಡುಗ ಕಣ್ಣು ಮುಚ್ಚಿ ಉರು ಹೊಡೆಯುವುದು ವಿದ್ಯೆ. ಕಣ್ಣು ತೆರೆದು ಆಕಾಶದಲ್ಲಿ ಕಂಡುಕೊಳ್ಳುವುದು ಕಾಲಹರಣ! 2022ರ ನವೆಂಬರಿನಲ್ಲಿ ವಾಯುಸೇನಾ ನಗರದಲ್ಲಿ ಏರ್ ಫೆಸ್ಟ್ ನಡೆಯಿತು. ಸಾರಂಗ್ ತಂಡ ಅಲ್ಲಿ ಹಾರಿಸಿದ್ದು ಈ ಧ್ರುವ್ ಹೆಲಿಕಾಪ್ಟರುಗಳನ್ನೇ. ನಮ್ಮ ಅನೇಕ ಕುಟುಂಬಗಳು ಹೋಗಿದ್ದವು, ಫೋನಿನಲ್ಲಿ ಚಿತ್ರ ತುಂಬಿಕೊಂಡು ಬಂದವು. ಏನು ಹಾರಿತು ಎಂದು ಕೇಳಿದರೆ, "ಏನೋ ಬಣ್ಣಬಣ್ಣದ್ದು, ಬಹಳ ಚೆನ್ನಾಗಿತ್ತು" ಎಂಬ ಉತ್ತರ. ತವರುಮನೆಯ ಹೆಮ್ಮೆ ಇಷ್ಟೇ.

ಈ ಹೆಮ್ಮೆ ಎಷ್ಟು ಪೊಳ್ಳು ಎಂಬುದಕ್ಕೆ ಲಿಬರೇಟರ್ ಬಾಂಬರುಗಳ ಕಥೆಗಿಂತ ಬೇರೆ ಸಾಕ್ಷಿ ಬೇಡ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ನಮ್ಮ ಮಕ್ಕಳಿಗೆ ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ.

ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ್ ಹಿರಾಚಂದರು ಮೈಸೂರು ಸರಕಾರದ ಪಾಲುಗಾರಿಕೆಯಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಯುದ್ಧದ ಕಾಲದಲ್ಲಿ ಅದು ಅಮೇರಿಕದ ವಾಯುಪಡೆಯ ರಿಪೇರಿ ಕೇಂದ್ರವಾಯಿತು. ನಮ್ಮ ಮೆಕ್ಯಾನಿಕ್ಕುಗಳ ಕೈ ದೊಡ್ಡ ವಿಮಾನಗಳ ಮೇಲೆ ಪಳಗಿತು. ಯುದ್ಧ ಮುಗಿಯಿತು. ಅಮೇರಿಕದಿಂದ ಎರವಲು ಬಂದಿದ್ದ ನಾಲ್ಕು ಎಂಜಿನ್ನಿನ ಲಿಬರೇಟರುಗಳನ್ನು ಬ್ರಿಟಿಷರು ಕಾನ್ಪುರದ ಚಕೇರಿ ಬಯಲಿನಲ್ಲಿ ನಿಲ್ಲಿಸಿ, ಮುಂದೆ ಯಾರಿಗೂ ಉಪಯೋಗಕ್ಕೆ ಬಾರದಂತೆ ಬೇಕೆಂದೇ ಹಾಳುಗೆಡವಿ, ಗುಜರಿಯಾಗಿ ಬಿಟ್ಟುಹೋದರು. ಸ್ವತಂತ್ರ ಭಾರತಕ್ಕೆ ಆಗ ಒಂದು ಭಾರೀ ಬಾಂಬರೂ ಇರಲಿಲ್ಲ. ಎಚ್.ಎ.ಎಲ್. ತಂತ್ರಜ್ಞರು ಆ ಗುಜರಿಯ ನಡುವೆ ಕುಳಿತು, ಇದರ ಚಕ್ರ ಅದಕ್ಕೆ, ಅದರ ಎಂಜಿನ್ ಇದಕ್ಕೆ ಜೋಡಿಸಿ, ಹೇಗೋ ಬೆಂಗಳೂರು ಮುಟ್ಟುವಷ್ಟು ಸಜ್ಜು ಮಾಡಿದರು. ಕ್ಯಾಪ್ಟನ್ ಜಮಶೇದ್ ಮುನ್ಶಿಯವರು ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಹೋದರು. ಅಲ್ಲಿ ಪೂರ್ಣ ದುರಸ್ತಿಯಾಗಿ 1948ರ ಕೊನೆಯಿಂದ ಅವು ವಾಯುಸೇನೆಗೆ ಸೇರತೊಡಗಿದವು. ಹೀಗೆ ಜೀವ ಬಂದದ್ದು ಸುಮಾರು 40 ವಿಮಾನಗಳಿಗೆ. ಬಾಂಬರುಗಳಾಗಿ, ಮುಂದೆ ಕಡಲ ಕಾವಲಿಗಾಗಿ, 1968ರ ಕೊನೆಯವರೆಗೂ ದುಡಿದವು. ಆ ಹೊತ್ತಿಗೆ ಜಗತ್ತಿನ ಬೇರೆ ಯಾವ ಸೇನೆಯಲ್ಲಿಯೂ ಲಿಬರೇಟರ್ ಉಳಿದಿರಲಿಲ್ಲ.

ಭೂಪಟದ ಮೇಲೆ ಕಾನ್ಪುರದಿಂದ ಬೆಂಗಳೂರಿಗೆ ಒಂದು ದಾರ ಎಳೆದು ನೋಡಿ. ಅದು ಹಾಯುವುದು ನಾಗಪುರದ ನೆತ್ತಿಯ ಮೇಲೆ. ಆಗ ಇಲ್ಲಿನ ಬೇಲಿಯ ಹತ್ತಿರ ನೋಟ್‌ಬುಕ್ ಹಿಡಿದ ಹುಡುಗರು ನಾಲ್ಕು ಜನ ನಿಂತಿದ್ದರೆ, ಆ ಯಾತ್ರೆಯ ತಾರೀಕುಗಳು ಇಂದು ನಮ್ಮ ಸಂಘದ ಕಪಾಟಿನಲ್ಲಿ ಇರುತ್ತಿದ್ದವು.

ಮುಂದೇನಾಯಿತು? 1968ರಲ್ಲಿ ಒಂದು ಕೆನಡಾಕ್ಕೆ ಹಾರಿತು. 1969ರಲ್ಲಿ ಇನ್ನೊಂದು ಅಮೇರಿಕದ ಅರಿಝೋನಾಕ್ಕೆ. 1974ರಲ್ಲಿ ಮತ್ತೊಂದು ಇಂಗ್ಲೆಂಡಿನ ವಾಯುಪಡೆಯ ಮ್ಯೂಸಿಯಮ್ಮಿಗೆ. 1980ರ ದಶಕದಲ್ಲಿ ಇಲ್ಲಿಂದ ಕೊಂಡೊಯ್ದ ಒಂದನ್ನು ಅಮೇರಿಕದ ಪ್ರತಿಷ್ಠಾನವೊಂದು ವರ್ಷಗಟ್ಟಲೆ ದುರಸ್ತಿ ಮಾಡಿ 1989ರಲ್ಲಿ ಮತ್ತೆ ಆಕಾಶಕ್ಕೇರಿಸಿತು. ಯಾರು ಕಟ್ಟಿದರೋ, ಯಾರು ಕೆಡಿಸಿ ಹೋದರೋ, ಅವರೇ ಬಂದು ನಮ್ಮ ಕೈಯಿಂದ ಬೇಡಿ ಒಯ್ದರು! ಏಕೆ? ಅಲ್ಲಿ ಬೇಲಿಯ ಹೊರಗೆ ನಿಂತು ವಿಮಾನಗಳ ನಂಬರು ಬರೆದುಕೊಳ್ಳುತ್ತಿದ್ದ ಹುಡುಗರು ದೊಡ್ಡವರಾಗಿ ಮ್ಯೂಸಿಯಂ ಕಟ್ಟಿದ್ದರು, ಚಂದಾ ಎತ್ತಿದ್ದರು. ನಮ್ಮಲ್ಲಿ ದೆಹಲಿಯ ಪಾಲಂ ಸಂಗ್ರಹಾಲಯಕ್ಕೆ ಒಂದು ಉಳಿಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾವು ಗಿಡವನ್ನೇ ಕಿತ್ತು ಕೊಟ್ಟವರು.

ಬೆಂಗಳೂರಿನ ಮಾತು ಸಾಕು, ನಾಗಪುರವೇನು ಕಡಿಮೆ? 1949ರ ಜನವರಿಯಿಂದ ರಾತ್ರಿ ಅಂಚೆಯ ವಿಮಾನಗಳು ದೆಹಲಿ, ಮುಂಬಯಿ, ಕಲಕತ್ತೆ, ಮದರಾಸುಗಳಿಂದ ಹೊರಟು ನಡುರಾತ್ರಿಯಲ್ಲಿ ಇಲ್ಲಿ ಸೇರುತ್ತಿದ್ದವು. ಚೀಲ ಅದಲುಬದಲು ಮಾಡಿಕೊಂಡು ಬೆಳಗಾಗುವ ಮುಂಚೆ ತಮ್ಮ ತಮ್ಮ ಊರು ಮುಟ್ಟುತ್ತಿದ್ದವು. ಇಡೀ ದೇಶದ ಕಾಗದಪತ್ರ ಈ ಊರಿನ ನೆಲ ಮುಟ್ಟಿ ಹೋಗುತ್ತಿದ್ದ ಕಾಲವದು. ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? 1991ರಲ್ಲಿ ಎಂಜಿನ್ ಕೆಟ್ಟು ಇಲ್ಲಿ ಇಳಿದ ಖಾಸಗಿ ಕಂಪನಿಯೊಂದರ ಬೋಯಿಂಗ್ 720 ವಿಮಾನ 2015ರವರೆಗೆ ನಿಲ್ದಾಣದಲ್ಲಿಯೇ ಬಿದ್ದುಕೊಂಡಿತ್ತು. ಆ ಜಾತಿಯ ವಿಮಾನ ಜಗತ್ತಿನಲ್ಲಿ ತಯಾರಾದದ್ದೇ 154. ಇಪ್ಪತ್ತನಾಲ್ಕು ವರ್ಷ ಅದು ನಮಗೆ ತಮಾಷೆಯ ವಸ್ತು, ಕಡೆಗೆ ಅಡಚಣೆಯ ವಸ್ತು. ಮ್ಯೂಸಿಯಮ್ಮಿನ ವಸ್ತು ಎಂದು ಕೂಗಿ ಹೇಳುವವರು ಊರಿನಲ್ಲಿ ಬೇಕಾದಷ್ಟು ಇರಲಿಲ್ಲ.

ಎರಡನೆಯ ಆಕ್ಷೇಪ ಭದ್ರತೆಯದು. "ಯಾಕಪ್ಪಾ ಇಲ್ಲದ ಉಸಾಬರಿ? ಪೋಲೀಸರು ಹಿಡಿದರೆ?" ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ, ಸರಕಾರಿ ನೌಕರನಾದ ನನಗೆ ಹಗುರವಾಗಿ ಕಾಣಲು ಸಾಧ್ಯವೂ ಇಲ್ಲ. 2010ರಲ್ಲಿ ದೆಹಲಿ ನಿಲ್ದಾಣದ ಹತ್ತಿರದ ಹೋಟೆಲಿನ ಕೋಣೆಯಿಂದ ವಿಮಾನ ನೋಡುತ್ತಿದ್ದ ಇಬ್ಬರು ಬ್ರಿಟಿಷರು ಬಂಧಿತರಾಗಿ, ಕೊನೆಗೆ ದಂಡ ಕಟ್ಟಿ ಊರಿಗೆ ಮರಳಿದರು. 2001ರಲ್ಲಿ ಗ್ರೀಸ್ ದೇಶದಲ್ಲಿ ಹದಿನಾಲ್ಕು ಜನರಿಗೆ ಇದೇ ಗತಿ. ಮರುವರ್ಷ ಮೊದಲು ಶಿಕ್ಷೆ, ಆಮೇಲೆ ಮೇಲ್ಮನವಿಯಲ್ಲಿ ಬಿಡುಗಡೆ. ಆದ್ದರಿಂದ ವಾಯುನೆಲೆಯ ಬೇಲಿಗೆ ಕ್ಯಾಮೆರಾ ಹಿಡಿಯಬಾರದು. "ಛಾಯಾಚಿತ್ರ ನಿಷೇಧ" ಎಂದು ಬರೆದಲ್ಲಿ ನಿಷೇಧವೇ. ನಮ್ಮ ಹುಡುಗರಿಗೆ ನಾನು ಮೊದಲು ಕಲಿಸುವ ಪಾಠ ಇದು.

ಆದರೆ ನೋಡುವುದೇ ಅಪರಾಧವೆಂಬಂತೆ ನಡೆಸಿಕೊಳ್ಳುವುದು ಬೇರೆ ಮಾತು. ಬೇರೊಂದು ಊರಿನಲ್ಲಿ ಸಾರ್ವಜನಿಕ ರಸ್ತೆಯ ಬದಿ ನಿಂತು, ಪ್ರಯಾಣಿಕರ ವಿಮಾನ ಇಳಿಯುವುದನ್ನು ಬರಿಗಣ್ಣಿನಿಂದ ನೋಡುತ್ತಿದ್ದ ನನ್ನನ್ನು ಕಾವಲುಗಾರರೊಬ್ಬರು ಒಂದು ತಾಸು ಕೂರಿಸಿಕೊಂಡು, ನೋಟ್‌ಬುಕ್ಕಿನ ಕನ್ನಡ ಅಕ್ಷರಗಳನ್ನು ಗುಪ್ತಲಿಪಿಯೆಂದು ಶಂಕಿಸಿದ್ದರು! ಅದೇ ವಿಮಾನದ ಹೆಸರು, ಎತ್ತರ, ವೇಗ, ಎಲ್ಲಿಂದ ಬಂತು ಎಂಬುದು ಅವರ ಕಿಸೆಯ ಫೋನಿನಲ್ಲಿಯೇ ಆ ಗಳಿಗೆಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿತ್ತು. ಇಂಗ್ಲೆಂಡಿನಲ್ಲಿ 1940ರ ಯುದ್ಧಕಾಲದಲ್ಲಿ ಜರ್ಮನರ ವಿಮಾನ ದಡ ದಾಟಿ ಒಳಬಂದ ಮೇಲೆ ಅದರ ಜಾಡು ಹೇಳಿದವರು ಅಂಗಡಿಯವರು, ಮೇಷ್ಟರು, ಗುಮಾಸ್ತರು. ಅಬ್ಸರ್ವರ್ ಕೋರ್ ಎಂಬ ಆ ಸ್ವಯಂಸೇವಕ ಪಡೆಗೆ 1941ರಲ್ಲಿ ರಾಜ ತನ್ನ ಬಿರುದನ್ನೇ ಕೊಟ್ಟ. ಆಕಾಶವನ್ನು ಬಲ್ಲ ಜನ ದೇಶಕ್ಕೆ ಕಾವಲು, ಕಂಟಕವಲ್ಲ.

ಮೂರನೆಯದು, ಇದರಿಂದ ಯಾರಿಗೇನು ಲಾಭ ಎಂಬ ಪ್ರಶ್ನೆ. 2019ರ ಫೆಬ್ರವರಿಯನ್ನು ನೆನಪಿಸಿಕೊಳ್ಳಿ. ಯಲಹಂಕದಲ್ಲಿ ಏರೋ ಇಂಡಿಯಾ ಮೇಳ. ಅದೇ ದಿನಗಳಲ್ಲಿ ಬಂಡೀಪುರ ಹೊತ್ತಿ ಉರಿಯುತ್ತಿತ್ತು. ವಾಯುಸೇನೆಯ ಎಂ.ಐ.-17 ಹೆಲಿಕಾಪ್ಟರುಗಳು ಹೊಟ್ಟೆಯ ಕೆಳಗೆ ಬಕೆಟ್ ತೂಗುಬಿಟ್ಟು ನೀರು ಸುರಿಯತೊಡಗಿದ್ದು 25ರಂದು, ಬೆಂಕಿ ಹಬ್ಬಿ ದಿನಗಳಾದ ಮೇಲೆ. "ಬಾಂಬಿ ಬಕೆಟ್" ಎಂಬ ಈ ಮಡಚುವ ತೊಟ್ಟಿಲು ಕೆನಡಾದವರ ಯುಕ್ತಿ. ಕೆರೆಯಲ್ಲಿ ಅದ್ದಿ, ಎತ್ತಿ, ಪೈಲಟ್ ಒಂದು ಗುಂಡಿ ಒತ್ತಿದರೆ ಸಾವಿರಾರು ಲೀಟರು ಒಮ್ಮೆಗೇ ಕೆಳಗೆ. ಕೆನಡಾದವರದೇ ಸಿ.ಎಲ್.-415 ಎಂಬ ವಿಮಾನವಂತೂ ಸರೋವರದ ಮೇಲ್ಮೈ ಸವರಿಕೊಂಡು ಹೋಗುತ್ತಾ ಸುಮಾರು ಹನ್ನೆರಡು ಸೆಕೆಂಡಿನಲ್ಲಿ ಆರು ಸಾವಿರ ಲೀಟರು ತುಂಬಿಕೊಳ್ಳುತ್ತದೆ. ಇದೆಲ್ಲ ಮಂತ್ರದಂಡವಲ್ಲ. ಹತ್ತಿರ ನೀರಿರಬೇಕು, ಗಾಳಿ ಅನುಕೂಲಿಸಬೇಕು, ಬೆಂಕಿಯನ್ನು ಕೊನೆಗೆ ಆರಿಸುವವರು ನೆಲದ ಮೇಲಿನವರೇ. ಆದರೆ ಅವರ ಜೀವಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ.

2021ರ ಏಪ್ರಿಲಿನಲ್ಲಿ ನಮಗೆ ಹತ್ತಿರದ ಗೋಂದಿಯಾ ಜಿಲ್ಲೆಯ ನಾಗಝಿರಾ ಕಾಡಿನ ಬೆಂಕಿಯಲ್ಲಿ ಮೂವರು ಅರಣ್ಯ ಕೂಲಿಕಾರರು ಸತ್ತರು. ಇಂಥ ಬೆಂಕಿಗೆ ಎದುರಾಗಿ ನಮ್ಮ ಕೂಲಿಗಳ ಕೈಯಲ್ಲಿರುವುದು ಹಸಿ ಸೊಪ್ಪಿನ ಕೊಂಬೆ, ಎಲೆ ಊದುವ ಬ್ಲೋಯರು. ವಿದರ್ಭದಲ್ಲಿ ಬೇಸಿಗೆ ಬಂದರೆ ಕಾಡು ಹೊತ್ತುವುದು ಹೊಸದೇ? ಫೆಬ್ರವರಿಯಿಂದ ಜೂನಿನವರೆಗೆ ಒಂದು ಹೆಲಿಕಾಪ್ಟರು, ಒಂದು ಬಕೆಟ್ಟು ನಾಗಪುರದಲ್ಲಿ ಸಿದ್ಧವಾಗಿರಲಿ ಎಂದು ಮತ ಕೇಳಲು ಬಂದವರ ಮುಂದೆ ಇಟ್ಟವರು ನಮ್ಮಲ್ಲಿ ಯಾರು? ಅವರು ಬಂದಿಳಿದದ್ದೂ ಹೆಲಿಕಾಪ್ಟರಿನಿಂದಲೇ! ಹೆಲಿಕಾಪ್ಟರ್ ಎಂದರೆ ಮಂತ್ರಿಗಳ ವಾಹನ ಎಂದು ತಿಳಿದ ಜನ ಅದರಿಂದ ನೀರು ಸುರಿಯಬಹುದೆಂದು ಹೇಗೆ ಕೇಳಿಯಾರು? ನೋಡಿ ತಿಳಿದವನಿಗೆ ಮಾತ್ರ ಕೇಳಲು ಬಾಯಿ ಬರುತ್ತದೆ. ತುಮಕೂರಿನ ಗುಬ್ಬಿಯಲ್ಲಿ 2023ರಲ್ಲಿ ಹೊಸ ಹೆಲಿಕಾಪ್ಟರ್ ಕಾರ್ಖಾನೆಯೇ ಉದ್ಘಾಟನೆಯಾಯಿತು. ಸಂಘದ ವಾಟ್ಸಪ್ ಗುಂಪಿನಲ್ಲಿ ಆ ದಿನ ಬಾವುಟದ ಚಿತ್ರಗಳು ಹರಿದಾಡಿದವು. ಅಲ್ಲಿ ತಯಾರಾಗುವುದರಿಂದ ಕಾಡಿನ ಕೂಲಿಗೇನು ಪ್ರಯೋಜನ ಎಂಬ ಒಂದು ಸಾಲೂ ಬರಲಿಲ್ಲ.

ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಅರಿಕೆ ದೊಡ್ಡದಲ್ಲ. ವಿಮಾನ ನಿಲ್ದಾಣದ ಆಡಳಿತಕ್ಕೆ ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಹೋಗಲಿ: ಪ್ರಯಾಣಿಕರ ವಿಮಾನಗಳು ಇಳಿಯುವುದನ್ನು ಟಿಕೆಟ್ ಕೊಂಡು ನೋಡಲು, ಕಾವಲು ಸಹಿತವಾಗಿಯೇ, ಒಂದು ಕಟ್ಟೆ ಬೇಕು ಎಂದು. ಹಿಂದೆ ನಮ್ಮ ದೇಶದ ನಿಲ್ದಾಣಗಳಲ್ಲಿ ಸಂದರ್ಶಕರಿಗೆ ಟಿಕೆಟ್ ಕೊಡುವ ಪದ್ಧತಿ ಇತ್ತು, ಹೊಸದೇನೂ ಕೇಳುತ್ತಿಲ್ಲ. ಬೇಸಿಗೆ ರಜೆಗೆ ಊರಿಗೆ ಹೋಗುವ ಕುಟುಂಬಗಳು ಬೆಂಗಳೂರಿನಲ್ಲಿ ಮಾಲ್ ಸುತ್ತುವ ಒಂದು ಮಧ್ಯಾಹ್ನವನ್ನು ಎಚ್.ಎ.ಎಲ್. ಮ್ಯೂಸಿಯಮ್ಮಿಗೆ ಕೊಡಲಿ. ಇನ್ನು ಆ ಹಿರಿಯರ ಮೊಮ್ಮಗನ ವಿಷಯ. ಅವನನ್ನು ಬರುವ ರವಿವಾರ ಬೆಳಿಗ್ಗೆ ಏಳಕ್ಕೆ ಸೋನೆಗಾಂವ್ ಕೆರೆಯ ಹತ್ತಿರ ಕಳಿಸಿಕೊಡಬೇಕೆಂದು ಅವರಲ್ಲಿ ವಿನಂತಿ. ಬೈನಾಕ್ಯುಲರ್ ನನ್ನ ಬಳಿ ಇದೆ. ನೋಟ್‌ಬುಕ್, ಪೆನ್ಸಿಲ್ ಅವನೇ ತರಲಿ. ಮನೆಯಿಂದ ಉಪ್ಪಿಟ್ಟು ಕಟ್ಟಿ ಕೊಟ್ಟರೆ ಇಬ್ಬರಿಗೂ ಆದೀತು.