ಲೂಟಿ ಮಾಡಿದ್ದು ಯಾರ್ರೀ?

ಆಗಸ್ಟ್ ಎರಡನೇ ವಾರದಲ್ಲಿ ನಿಮ್ಮ ಫೋನಿಗೂ ಆ ವಿಡಿಯೊ ಬಂದಿರಬಹುದು. ಉತ್ತರ ಕರ್ನಾಟಕದ ಯಾವುದೋ ರಸ್ತೆ, ಪರಿಹಾರ ಸಾಮಗ್ರಿ ಹೊತ್ತ ಲಾರಿ, ಅದಕ್ಕೆ ಅಡ್ಡ ನಿಂತ ಜನ. ನಾಲ್ಕೈದು ಹುಡುಗರು ಮೇಲೆ ಹತ್ತಿ ಬಿಸ್ಕತ್ತಿನ ಡಬ್ಬ, ನೀರಿನ ಬಾಟಲಿ, ಚಾದರ ಕೆಳಗೆ ಎಸೀತಿದ್ದಾರೆ. ಕೆಳಗೆ ಹೆಂಗಸರು ಸೆರಗು ಒಡ್ಡಿ ಹಿಡೀತಿದ್ದಾರೆ. ಜೊತೆಗೆ ಎರಡು ಸಾಲು: 'ನೆರೆ ಸಂತ್ರಸ್ತರಿಗೆ ಕಳಿಸಿದ್ದು ದಾರಿಯಲ್ಲೇ ಲೂಟಿ. ಇಂಥವರಿಗೆ ಯಾಕೆ ಸಹಾಯ ಮಾಡಬೇಕು?' ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಅದರ ಕೆಳಗೆ ಸಿಟ್ಟಿನ ಮುಖಗಳ ಸಾಲೇ ಬಿತ್ತು. ಮರುದಿನ ಲಿಫ್ಟಿನ ಪಕ್ಕ ಇಟ್ಟಿದ್ದ ಸಂಗ್ರಹದ ಪೆಟ್ಟಿಗೆ ಮಾಯ.

ವಿಡಿಯೊದಲ್ಲಿ ಊರಿನ ಹೆಸರಿಲ್ಲ, ದಿನಾಂಕ ಇಲ್ಲ. ಸೆರಗು ಒಡ್ಡಿದ ಹೆಂಗಸಿನ ಮನೆ ಮುಳುಗಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಲೂ ಇಲ್ಲ. ಲಾರಿ ಕಳಿಸಿದ್ದು ಯಾರಿಗೆ? ನೆರೆ ಬಂದವರಿಗೆ. ಇಳಿಸಿಕೊಂಡವರು ಯಾರು? ನೆರೆ ಬಂದವರಲ್ಲ ಅಂತ ಹೇಳಿದ್ದು ಯಾರು? ಏಸಿ ರೂಮಿನಲ್ಲಿ ಕೂತು ಫಾರ್ವರ್ಡ್ ಒತ್ತಿದವರು.

ಅಲ್ಲಿ ಆಗ್ತಿದ್ದದ್ದು ಇಷ್ಟು. ಬೆಂಗಳೂರು, ಮೈಸೂರಿನಿಂದ ಹೊರಟ ಲಾರಿಗಳು ಹೆದ್ದಾರಿ ಬಿಟ್ಟು ಒಳಗೆ ಹೋಗೋಕೆ ಆಗ್ತಿರಲಿಲ್ಲ. ಸೇತುವೆ ಮುಳುಗಿವೆ, ರಸ್ತೆ ಕಿತ್ತುಹೋಗಿದೆ, ಡ್ರೈವರಿಗೆ ಊರು ಗೊತ್ತಿಲ್ಲ. ಹಾಗಾಗಿ ದೊಡ್ಡ ರಸ್ತೆ ಪಕ್ಕದ ಪರಿಹಾರ ಕೇಂದ್ರಕ್ಕೆ ದಿನಕ್ಕೆ ಮೂರು ಸಲ ಬಿಸ್ಕತ್ತು, ಒಳಗಿನ ಹಳ್ಳಿಗೆ ಮೂರು ದಿನವಾದರೂ ಏನೂ ಇಲ್ಲ. ಒಳಗಿನ ಹಳ್ಳಿಯವರು ಕೆಸರಲ್ಲಿ ನಡೆದು ದೊಡ್ಡ ರಸ್ತೆಗೆ ಬಂದು ಲಾರಿಗೆ ಅಡ್ಡ ನಿಂತರೆ ಅದಕ್ಕೆ ಲೂಟಿ ಅಂತ ಹೆಸರು. ಅಲ್ಲಿ ಒಬ್ಬಿಬ್ಬರು ಕಿಲಾಡಿಗಳು ಇರಲಿಲ್ಲ ಅಂತ ನಾನೇನೂ ಹೇಳಲ್ಲ. ಇರ್ತಾರೆ. ಬೆಂಗಳೂರಿನ ಮದುವೆ ಊಟದ ಹಾಲಿನಲ್ಲೂ ಇರ್ತಾರೆ.

ಅಂದಹಾಗೆ, 'ಲೂಟ್' ಅನ್ನೋ ಪದ ಇಂಗ್ಲಿಷಿಗೆ ಹೋಗಿದ್ದೇ ನಮ್ಮ ದೇಶದಿಂದ. 1824ರ ಡಿಸೆಂಬರಿನಲ್ಲಿ ಕಿತ್ತೂರು ಕೋಟೆ ಹಿಡಿದವರಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಪದ ಯಾರಿಗೆ ಅಂಟುತ್ತೆ, ಯಾರಿಗೆ ಅಂಟಲ್ಲ ಅನ್ನೋದನ್ನ ಜಗತ್ತು ಚೆನ್ನಾಗಿ ನೋಡಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ. 2005ರ ಆಗಸ್ಟ್ 29ಕ್ಕೆ ಕತ್ರಿನಾ ಚಂಡಮಾರುತ ಬಡಿದು, ನಗರದ ಏರಿಗಳು ಒಡೆದು, ಶೇ 80ರಷ್ಟು ಊರು ಮುಳುಗಿತು. ಮರುದಿನ ಎರಡು ಫೋಟೊ ಬಂದವು. ಎರಡರಲ್ಲೂ ಎದೆಮಟ್ಟದ ನೀರು, ಕೈಯಲ್ಲಿ ಅಂಗಡಿಯಿಂದ ತಂದ ತಿನ್ನೋ ಸಾಮಾನು. ಕರಿಯ ಹುಡುಗನ ಫೋಟೊ ಕೆಳಗೆ ದಿನಸಿ ಅಂಗಡಿ 'ಲೂಟಿ ಮಾಡಿ' ಬರ್ತಿದ್ದಾನೆ ಅಂತ, ಬಿಳಿಯ ಜೋಡಿಯ ಫೋಟೊ ಕೆಳಗೆ ಅವರಿಗೆ ಬ್ರೆಡ್ಡು 'ಸಿಕ್ಕಿತು' ಅಂತ. ಎರಡೂ ಬೇರೆ ಬೇರೆ ಸುದ್ದಿ ಸಂಸ್ಥೆಯವು, ಬರೆದವರು ಬೇರೆ ಬೇರೆ ಅನ್ನೋ ಸಮಜಾಯಿಷಿ ಬಂತು. ಇರಲಿ. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಲೂಟಿ, ಅತ್ಯಾಚಾರ, ಗುಂಡಿನ ಸುದ್ದಿ ಟೀವಿಯಲ್ಲಿ ಎಷ್ಟು ಜೋರಾಯಿತೆಂದರೆ, ಆಗಸ್ಟ್ 31ಕ್ಕೆ ಮೇಯರ್ ಸಾಹೇಬರು ಜನರನ್ನ ನೀರಿನಿಂದ ಎತ್ತುತ್ತಿದ್ದ ಪೊಲೀಸರನ್ನ ಲೂಟಿ ತಡೆಯೋಕೆ ಕಳಿಸಿದರು. ಮಾಳಿಗೆ ಮೇಲೆ ಕೈ ಬೀಸುತ್ತಾ ನಿಂತವರು ಅಲ್ಲೇ ಉಳಿದರು. ಸೆಪ್ಟೆಂಬರ್ 4ಕ್ಕೆ ಡಾನ್ಜಿಗರ್ ಸೇತುವೆ ಮೇಲೆ ಪೊಲೀಸರು ಕೈಯಲ್ಲಿ ಏನೂ ಇಲ್ಲದ ಜನರ ಮೇಲೆ ಗುಂಡು ಹಾರಿಸಿ ಇಬ್ಬರನ್ನ ಕೊಂದರು. ಐದು ಜನ ಮಾಜಿ ಪೊಲೀಸರು ತಪ್ಪೊಪ್ಪಿಕೊಂಡಿದ್ದು 2016ರಲ್ಲಿ. ಕ್ರೀಡಾಂಗಣದೊಳಗೆ ಹೆಣಗಳ ರಾಶಿ, ಎಳೆ ಮಕ್ಕಳ ಮೇಲೆ ಅತ್ಯಾಚಾರ ಅಂತ ಹಬ್ಬಿದ್ದ ಸುದ್ದಿಗಳು ಬಹುಪಾಲು ಗಾಳಿಮಾತು ಅಂತ ಅದೇ ತಿಂಗಳ ಕೊನೆಗೆ ಪತ್ರಿಕೆಗಳೇ ಬರೆದವು. ಆಗ ಯಾರು ಓದ್ತಾರೆ?

ನಮ್ಮಲ್ಲಿ ಗುಂಡು ಹಾರಿಸಲಿಲ್ಲ, ನಿಜ. ಆದರೆ ಕಳ್ಳತನದ ಭಯ ನಮ್ಮಲ್ಲೂ ಕೆಲಸ ಮಾಡಿತು. ಮುನವಳ್ಳಿಯಿಂದ ಕೆಳಗೆ, ಹೊಳೆದಂಡೆಯ ಒಂದು ಹಳ್ಳಿಯಲ್ಲಿ ನಮ್ಮ ಕಾಕಾ ಇದ್ದಾರೆ. ನೀರು ಓಣಿಗೆ ಬಂದ ರಾತ್ರಿ ಫೋನ್ ಹತ್ತಿತು.

'ಕಾಕಾ, ಹೊರಗ ಬರ್ರಿ. ಮನಿ ಎಲ್ಲಿ ಓಡಿ ಹೋಗ್ತದ?'

'ಮನಿ ಓಡೂದಿಲ್ಲೋ ತಮ್ಮಾ, ಮನ್ಯಾಗಿಂದು ಓಡ್ತದ. ಎಮ್ಮಿ ಹಗ್ಗಾ ಬಿಚ್ಚೇನಿ. ಜ್ವಾಳದ ಚೀಲಾ ಮಾಳಗಿ ಮ್ಯಾಲ ಇಟ್ಟೇನಿ. ನಾನೂ ಅಲ್ಲೇ ಇರ್ತೀನಿ.'

ಮರುದಿನ ಮಧ್ಯಾಹ್ನದವರೆಗೆ ಎಪ್ಪತ್ತು ದಾಟಿದ ಮನುಷ್ಯ ಮಾಳಿಗೆ ಮೇಲೆ ಕೂತಿದ್ದು ನಾಲ್ಕು ಚೀಲ ಜೋಳ ಕಾಯೋಕೆ. ಕದಿಯೋಕೆ ಯಾರೂ ಬರಲಿಲ್ಲ. ಬರಬೇಕಂದ್ರೂ ಅವನಿಗೂ ಈಜು ಬರಬೇಕಲ್ಲ. ವಿಪತ್ತುಗಳ ಬಗ್ಗೆ ಜೀವಮಾನವಿಡೀ ಅಧ್ಯಯನ ಮಾಡಿದ ಎನ್ರಿಕೊ ಕ್ವಾರಂಟೆಲ್ಲಿಯಂಥ ಸಮಾಜಶಾಸ್ತ್ರಜ್ಞರು ಹೇಳ್ತಾ ಬಂದದ್ದು ಇದನ್ನೇ: ಇಂಥ ಹೊತ್ತಲ್ಲಿ ಲೂಟಿ ಅಪರೂಪ, ಲೂಟಿಯ ಭಯ ಮಾತ್ರ ಎಲ್ಲ ಕಡೆ. ಆ ಭಯಕ್ಕೆ ಎಣ್ಣೆ ಹಾಕೋ ಕೆಲಸ ನಿಮ್ಮ ಫಾರ್ವರ್ಡಿನದು.

ಇನ್ನು ಟೀವಿ. 2019ರ ಆಗಸ್ಟ್ 5ಕ್ಕೆ ಕಾಶ್ಮೀರದ 370ನೇ ವಿಧಿ, 6ರ ರಾತ್ರಿ ಸುಷ್ಮಾ ಸ್ವರಾಜ್ ನಿಧನ. ದಿಲ್ಲಿಯ ಚಾನೆಲ್ಲುಗಳಲ್ಲಿ ನಮಗೆ ಅಡಿಬರಹದ ಜಾಗ ಸಿಕ್ಕಿದ್ದೇ ದೊಡ್ಡದು. ದಿಲ್ಲಿಯವರು ಬಿಡಿ, ಅವರಿಗೆ ಬೆಳಗಾವಿ ಅಂದ್ರೆ ಮರಾಠಿ ಜಗಳ ಮಾತ್ರ. ನಮ್ಮ ಕನ್ನಡ ಚಾನೆಲ್ಲುಗಳು? ಜುಲೈ 26ರಿಂದ ಆಗಸ್ಟ್ 20ರವರೆಗೆ ರಾಜ್ಯಕ್ಕೆ ಯಡಿಯೂರಪ್ಪ ಒಬ್ಬರೇ, ಸಂಪುಟವೇ ಇಲ್ಲ. ಕಂದಾಯ ಮಂತ್ರಿ ಇಲ್ಲ, ಜಲಸಂಪನ್ಮೂಲ ಮಂತ್ರಿ ಇಲ್ಲ, ಬೆಳಗಾವಿಗೆ ಉಸ್ತುವಾರಿ ಮಂತ್ರಿ ಇಲ್ಲ. 22 ಜಿಲ್ಲೆಗಳಲ್ಲಿ ನೀರು. ಸ್ಟುಡಿಯೋದಲ್ಲಿ ಮಾತ್ರ ಅನರ್ಹ ಶಾಸಕರು ಏನಾಗ್ತಾರೆ, ಯಾರಿಗೆ ಯಾವ ಖಾತೆ ಅನ್ನೋ ಲೆಕ್ಕ. ನೀರು ತೋರಿಸಿದಾಗಲೂ ತೋರಿಸಿದ್ದು ವರದಿಗಾರನ ಸೊಂಟದವರೆಗಿನ ನೀರು. ಪಟ್ಟದಕಲ್ಲಿನ ಗುಡಿಗಳ ಸುತ್ತ ಹೊಳೆ ನಿಂತಿದ್ದನ್ನ ತೋರಿಸಿದರು, ಒಳ್ಳೆಯದೇ. ಆದರೆ ಅದೇ ಮಲಪ್ರಭೆ ಪಟ್ಟದಕಲ್ಲಿಗೆ ಹೋಗೋ ಮೊದಲು ಮುನವಳ್ಳಿ, ರಾಮದುರ್ಗ, ಕೊಣ್ಣೂರು ದಾಟಿಕೊಂಡೇ ಹೋಗಿತ್ತು. ಕಲ್ಲಿನ ಗುಡಿ ಸಾವಿರದ ಮುನ್ನೂರು ವರ್ಷದಿಂದ ನಿಂತಿದೆ. ಮಣ್ಣಿನ ಮನೆ ನಿಲ್ಲಲ್ಲ.

ಕೊಣ್ಣೂರಿನ ಹೆಸರು ಸುದ್ದಿಗೆ ಬಂದಿದ್ದು ಮುಖ್ಯಮಂತ್ರಿ ಹೋದಾಗ. ಅವರ ಕಾರಿಗೆ ಅಡ್ಡ ನಿಂತು ಕಷ್ಟ ಹೇಳಿಕೊಳ್ಳೋಕೆ ಹೋದ ಸಂತ್ರಸ್ತರ ಮೇಲೆ ಲಾಠಿ ಬೀಸಲಾಯಿತು. ಲಾರಿಗೆ ಅಡ್ಡ ನಿಂತರೆ ಲೂಟಿಕೋರರು, ಕಾರಿಗೆ ಅಡ್ಡ ನಿಂತರೆ ಗಲಾಟೆಕೋರರು. ಈ ಸೀಮೆಗೆ ಇದು ಹೊಸದಲ್ಲ. 1980ರ ಜುಲೈ 21ಕ್ಕೆ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಗಿದ್ದು ಇದೇ ಮಲಪ್ರಭಾ ಕಾಲುವೆಯ ಕರದ ವಿಷಯಕ್ಕೆ. 2016ರಲ್ಲಿ ಯಮನೂರಿನಲ್ಲಿ ಮುದುಕಿಯರಿಗೂ ಲಾಠಿ ಏಟು ಬಿದ್ದಿದ್ದು ಇದೇ ಹೊಳೆಗೆ ಮಹದಾಯಿ ನೀರು ಕೇಳಿದ್ದಕ್ಕೆ. ನೀರಿಲ್ಲ ಅಂದ್ರೂ ಏಟು, ನೀರು ಬಂತು ಅಂದ್ರೂ ಏಟು.

ಹಾಗಾದ್ರೆ ತಪ್ಪು ಯಾರದು? ಕೃಷ್ಣೆಯ ನೆರೆಗೆ ನಮ್ಮ ರಾಜಕಾರಣಿಗಳ ಹತ್ತಿರ ಒಂದು ರೆಡಿಮೇಡ್ ಉತ್ತರ ಇದೆ: ಮಹಾರಾಷ್ಟ್ರ ಕೊಯ್ನಾದಿಂದ ಬಿಟ್ಟಿತು. ಮಲಪ್ರಭೆಗೆ ಆ ಸೌಕರ್ಯ ಇಲ್ಲ. ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸೇರೋದು ಕೂಡಲಸಂಗಮದಲ್ಲಿ. ನಡುವೆ ಸವದತ್ತಿ ಹತ್ತಿರ ನವಿಲುತೀರ್ಥದ ಆಣೆಕಟ್ಟು, ಅದರ ಬಾಗಿಲು ನಮ್ಮದೇ ಇಂಜಿನಿಯರುಗಳ ಕೈಯಲ್ಲಿ. ಅದರ ಕೆಳಗೆ ಸಿಗೋ ಮೊದಲ ದೊಡ್ಡ ಊರೇ ಮುನವಳ್ಳಿ.

ಮಹಾರಾಷ್ಟ್ರ ಸಿಗದೇ ಹೋದಾಗ ಕೈಗೆ ಸಿಕ್ಕವರು ರೈತರು. ಹೊಳೆ ಒತ್ತುವರಿ ಮಾಡಿ ಕಬ್ಬು ಹಾಕಿದ್ದಾರೆ, ಅದಕ್ಕೇ ನೀರು ಊರಿಗೆ ನುಗ್ಗಿತು ಅಂತ. ಒತ್ತುವರಿ ಆಗಿದೆ, ಸುಳ್ಳಲ್ಲ. ಆಣೆಕಟ್ಟು ವರ್ಷಗಟ್ಟಲೆ ತುಂಬಲೇ ಇಲ್ಲ, ಇದ್ದ ನೀರು ಕಾಲುವೆಗೆ, ಹುಬ್ಬಳ್ಳಿ–ಧಾರವಾಡದ ನಲ್ಲಿಗೆ ಹೋಯಿತು, ಹೊಳೆ ಬತ್ತಿ ಹಳ್ಳದಷ್ಟಾಯಿತು. ಬತ್ತಿದ ಜಾಗದಲ್ಲಿ ಉತ್ತರು. ಉಳುವಾಗ ಪಂಪಿಗೆ ಕರೆಂಟು ಕೊಟ್ಟವರು ಯಾರು? ಆ ಕಬ್ಬು ತೂಗಿಸಿಕೊಂಡ ಕಾರ್ಖಾನೆಗಳು ಯಾವ ಪಕ್ಷದ ಮುಖಂಡರವು? ನೆರೆ ಬಂದ ಮೇಲೆ ಮಾತ್ರ ಸರ್ವೆ ನಕ್ಷೆ ನೆನಪಾಗುತ್ತೆ. ತಗ್ಗಿನ ಓಣಿಯಲ್ಲಿ ಮನೆ ಕಳೆದುಕೊಂಡವನಿಗೆ ಆ ಕಬ್ಬೂ ಇಲ್ಲ, ಹೊಲವೂ ಇಲ್ಲ. ಅವನು ಕೂಲಿ. ಬೈಗುಳದಲ್ಲಿ ಮಾತ್ರ ಅವನಿಗೂ ಪಾಲು.

ಕೇಳಬೇಕಾದ ಪ್ರಶ್ನೆ ಬೇರೆ. ಆಗಸ್ಟ್ ಮೊದಲ ವಾರ ಪ್ರತಿ ದಿನ ಆಣೆಕಟ್ಟಿಗೆ ಎಷ್ಟು ನೀರು ಬರ್ತಿತ್ತು, ಮಟ್ಟ ಎಷ್ಟಿತ್ತು, ಬಾಗಿಲು ತೆಗೆದಿದ್ದು ಯಾವ ಗಂಟೆಗೆ, ಕೆಳಗಿನ ಊರುಗಳಿಗೆ ಹೇಳಿದ್ದು ಯಾವ ಗಂಟೆಗೆ? ಬರಗಾಲದ ಸೀಮೆಯ ಆಣೆಕಟ್ಟು ತುಂಬಿಸೋ ಆಸೆ ಯಾರಿಗೂ ಇರುತ್ತೆ, ಅರ್ಥ ಆಗುತ್ತೆ. ಆದರೆ ಕೊನೇ ಗಳಿಗೆವರೆಗೆ ಹಿಡಿದಿಟ್ಟು ಒಮ್ಮೆಲೇ ಬಿಟ್ಟರೋ, ಇಲ್ಲ ಮಳೆಯೇ ಹಾಗಿತ್ತೋ ಅನ್ನೋದು ಈ ನಾಲ್ಕು ಅಂಕಿಯಲ್ಲಿ ಇದೆ. ಕೇರಳದಲ್ಲಿ 2018ರ ನೆರೆ ಆದಮೇಲೆ ಆಣೆಕಟ್ಟುಗಳ ನಿರ್ವಹಣೆ ಬಗ್ಗೆ ಹೈಕೋರ್ಟಿನಲ್ಲೇ ವಾದ ನಡೆಯಿತು, ನ್ಯಾಯಾಲಯದ ಸಹಾಯಕ ವಕೀಲರು ವರದಿ ಕೊಟ್ಟರು. ನಮ್ಮಲ್ಲಿ ಬಿಸ್ಕತ್ತಿನ ಡಬ್ಬ ಎಣಿಸಿದ್ದೇ ಆಯಿತು.

ಪರಿಹಾರದ ಕಥೆ ಕೇಳಿ. ತಕ್ಷಣಕ್ಕೆ ₹10 ಸಾವಿರ, ಪೂರ್ತಿ ಬಿದ್ದ ಮನೆಗೆ ₹5 ಲಕ್ಷ ಅಂತ ಘೋಷಣೆ ಆಯಿತು. ಕೇಂದ್ರದ ಆಗಿನ ನಿಯಮದ ₹95,100ಕ್ಕಿಂತ ಇದು ದೊಡ್ಡದು, ಒಪ್ಪೋಣ. ಆದರೆ ಮನೆಗಳನ್ನ ಎ, ಬಿ, ಸಿ ಅಂತ ವಿಂಗಡಿಸಿದರು. ಎ ಅಂದ್ರೆ ಲಕ್ಷ, ಸಿ ಅಂದ್ರೆ ಕೆಲವು ಸಾವಿರ. ಮಣ್ಣಿನ ಗೋಡೆ ನೀರು ಇಳಿದ ದಿನ ಬೀಳಲ್ಲ. ಒಳಗೊಳಗೇ ನೆನೆದು, ಬಿಸಿಲು ಬಿದ್ದು ಬಿರುಕು ಬಿಟ್ಟು, ಹದಿನೈದು ದಿನಕ್ಕೋ ತಿಂಗಳಿಗೋ ಕುಸಿಯುತ್ತೆ. ಕಾಕಾನ ಮನೆಗೆ ಸರ್ವೆಯವರು ಬಂದಾಗ ಮೂರು ಗೋಡೆ ನಿಂತಿದ್ದವು. ಸಿ ಅಂತ ಬರೆದು ಹೋದರು. ಮೂರು ವಾರಕ್ಕೆ ಹಿತ್ತಲ ಗೋಡೆ ಮಾಳಿಗೆ ಸಮೇತ ಬಂತು. ಬಿದ್ದ ಮನೆ ಮುಂದೆ ನಿಂತು ಕೇಳಿದರೆ, ಫೋಟೊ ಆಗಲೇ ಅಪ್‌ಲೋಡ್ ಆಗಿದೆ, ಬದಲಾಯಿಸೋಕೆ ಬರಲ್ಲ ಅನ್ನೋ ಉತ್ತರ. ಅದೇ ಊರಲ್ಲಿ ದನದ ಕೊಟ್ಟಿಗೆಗೆ ಎ ಬರೆಸಿಕೊಂಡವರ ಹೆಸರು ಎಲ್ಲರ ಬಾಯಲ್ಲೂ ಇದೆ. ಬರೆಸೋಕೆ ಎಷ್ಟು ಕೊಟ್ಟರು ಅನ್ನೋದೂ ಇದೆ. ಒಂದಕ್ಷರಕ್ಕೆ ನಾಲ್ಕೂವರೆ ಲಕ್ಷದಷ್ಟು ವ್ಯತ್ಯಾಸ ಇಟ್ಟರೆ ಆ ಅಕ್ಷರಕ್ಕೆ ಸಂತೆ ಕೂಡದೇ ಇರುತ್ತಾ? ಇದರ ವಿಡಿಯೊ ಯಾರೂ ಮಾಡಲ್ಲ. ಟೇಬಲ್ ಮೇಲೆ ಕಾಗದದಲ್ಲಿ ಆಗೋದು ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲ್ಲ.

ಮೇಲಿನವರ ಲೆಕ್ಕ ಇನ್ನೂ ಮಜವಾಗಿದೆ. ರಾಜ್ಯ ಹೇಳಿದ ನಷ್ಟ ₹35 ಸಾವಿರ ಕೋಟಿಗೂ ಹೆಚ್ಚು. ಅಮಿತ್ ಶಾ ವಿಮಾನದಲ್ಲಿ ನೋಡಿ ಹೋಗಿದ್ದು ಆಗಸ್ಟ್ 11ಕ್ಕೆ. ಕೇಂದ್ರ ಮಧ್ಯಂತರವಾಗಿ ₹1,200 ಕೋಟಿ ಕೊಟ್ಟಿದ್ದು ಅಕ್ಟೋಬರ್ 4ಕ್ಕೆ. ಆಮೇಲೆ ಮೂರು ದಿನದ ವಿಧಾನಸಭೆ ಅಧಿವೇಶನ, ನೆರೆ ಬಗ್ಗೆ ಚರ್ಚೆ ಅಂತ. ಅದಕ್ಕೆ ಮುಂಚೆಯೇ ಖಾಸಗಿ ಚಾನೆಲ್ಲುಗಳ ಕ್ಯಾಮೆರಾ ಒಳಗೆ ಬರಬಾರದು ಅಂತ ಸ್ಪೀಕರ್ ಆದೇಶ. ಬೆಳಗಾವಿಯ ಸುವರ್ಣಸೌಧದಲ್ಲಿ ಆಗಬೇಕಿದ್ದ ಅಧಿವೇಶನ ಬೆಂಗಳೂರಿನಲ್ಲೇ ಆಯಿತು. ಕಾರಣ ಏನಪ್ಪಾ ಅಂದ್ರೆ, ಅಲ್ಲಿ ನೆರೆ ಬಂದಿದೆಯಂತೆ!

ನೀವು ಈಗ ಏನು ಮಾಡಬಹುದು ಅಂತ ಕೇಳಿದವರಿಗೆ. ಹಳೇ ಜೀನ್ಸ್, ಹರಿದ ಟಾಪು, ಮದುವೆಗೆ ಒಮ್ಮೆ ಉಟ್ಟ ಸೀರೆ ದಯವಿಟ್ಟು ಕಳಿಸಬೇಡಿ. ಪರಿಹಾರ ಕೇಂದ್ರದ ಹೊರಗೆ ಅದರ ಗುಡ್ಡೆ ಬಿದ್ದಿದ್ದನ್ನ ನಾನು ಕಣ್ಣಾರೆ ಕಂಡಿದ್ದೇನೆ, ಎಮ್ಮೆಯೂ ಮೂಸಲ್ಲ. ನಿಮಗೆ ಬರೋ ಕೆಲಸ ಮಾಡಿ. ನಿಮಗೆ ಎಕ್ಸೆಲ್ ಬರುತ್ತೆ. ನವಿಲುತೀರ್ಥದ ಆಗಸ್ಟ್ ತಿಂಗಳ ಒಳಹರಿವು–ಹೊರಹರಿವಿನ ದಾಖಲೆಗೆ ಒಂದು ಆರ್‌ಟಿಐ, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕಿನ ಎ, ಬಿ, ಸಿ ಪಟ್ಟಿಗೆ ಒಂದೊಂದು. ಬಂದ ಪಟ್ಟಿಯನ್ನ ಮೂಲ ಸರ್ವೆ ಫೋಟೊ ಜೊತೆ ತಾಳೆ ಹಾಕಿ, ಆಯಾ ಗ್ರಾಮ ಪಂಚಾಯ್ತಿಯ ಗೋಡೆಗೆ ಅಂಟಿಸೋಕೆ ಊರಿನ ಹುಡುಗರಿಗೆ ಕಳಿಸಿ. ಅದನ್ನ ಓದಿ ಯಾವ ಕೊಟ್ಟಿಗೆ ಯಾರದು ಅಂತ ಹೇಳೋಕೆ ಅಲ್ಲಿ ಜನ ಇದ್ದಾರೆ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರೋ ಹಾಗಿಲ್ಲ, ಒಂದು ಅರ್ಜಿಗೆ ಒಂದೇ ವಿಷಯ. ಶುಲ್ಕ ಹತ್ತು ರೂಪಾಯಿ, ಪೋಸ್ಟಲ್ ಆರ್ಡರ್ ಆದರೂ ನಡೆಯುತ್ತೆ.